ಸಣ್ಣ ಉದ್ದಿಮೆ ಸಣ್ಣದಾಗಿಯೇ ಏಕೆ ಉಳಿಯುತ್ತದೆ? ಹೊರಗಿನ ವಾತಾವರಣ, ಮಾಲೀಕನ ಲೆಕ್ಕಾಚಾರ

ಸಣ್ಣ ಉದ್ದಿಮೆದಾರರಿಗೆ ದೂರದೃಷ್ಟಿ ಕಡಿಮೆ ಎಂಬ ದೂರು ನಮ್ಮಲ್ಲಿ ಬಹಳ ಹಳೆಯದು. ಅವರು ನಾಳೆಯ ಆರ್ಡರ್ ನೋಡುತ್ತಾರೆ, ಐದು ವರ್ಷ ಮುಂದಿನದನ್ನು ನೋಡುವುದಿಲ್ಲ; ಯಂತ್ರ ಬದಲಿಸಲು ಹಿಂಜರಿಯುತ್ತಾರೆ; ಹತ್ತು ಜನರ ಶೆಡ್ಡನ್ನು ನೂರು ಜನರ ಕಾರ್ಖಾನೆ ಮಾಡುವ ಹಂಬಲವೇ ಅವರಿಗಿಲ್ಲ ಎಂದು ಬ್ಯಾಂಕಿನವರೂ ತರಬೇತಿ ಕೊಡುವವರೂ ಸಮಿತಿಗಳ ವರದಿಗಳೂ ಹೇಳುತ್ತಲೇ ಬಂದಿವೆ. ವ್ಯವಹಾರದ ಹೊರಗಿನ ವಾತಾವರಣಕ್ಕೂ ಒಳಗಿನ ನಿರ್ಧಾರಕ್ಕೂ ಇರುವ ನಂಟನ್ನು ಕುರಿತ ಆರು ದಶಕಗಳ ಅಧ್ಯಯನವನ್ನು ಒಟ್ಟಿಗೆ ಇಟ್ಟು ನೋಡಿದರೆ ಈ ದೂರು ತಲೆಕೆಳಗಾಗುತ್ತದೆ. ಕಾನೂನು, ತೆರಿಗೆ, ವಿದ್ಯುತ್ತು, ದೊಡ್ಡ ಗಿರಾಕಿಯ ಮರ್ಜಿ ಇವೆಲ್ಲ ಸೇರಿ ಹಾಕಿಕೊಟ್ಟ ಚೌಕಟ್ಟಿನಲ್ಲಿ ಸಣ್ಣದಾಗಿ ಉಳಿಯುವುದು ಬಹಳ ಸಲ ಲೆಕ್ಕ ಹಾಕಿಯೇ ತೆಗೆದುಕೊಂಡ ನಿರ್ಧಾರ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಬುದ್ಧಿಮಾತನ್ನು ಈ ಮಾಲೀಕರು ಚೆನ್ನಾಗಿಯೇ ಪಾಲಿಸುತ್ತಿದ್ದಾರೆ. ಹಾಸಿಗೆಯ ಅಳತೆ ಯಾರು ನಿಗದಿಪಡಿಸಿದರು ಎಂಬ ಪ್ರಶ್ನೆಗೆ ಬರಲು ಮಾತ್ರ ಈ ಅಧ್ಯಯನ ಕ್ಷೇತ್ರಕ್ಕೆ ತುಂಬ ಕಾಲ ಹಿಡಿಯಿತು.

ಆರಂಭದಲ್ಲಿ ವಿದ್ವಾಂಸರ ಕಣ್ಣು ಇದ್ದದ್ದು ದೊಡ್ಡ ಸಂಸ್ಥೆಗಳ ಮೇಲೆ. 1961ರಲ್ಲಿ ಟಾಮ್ ಬರ್ನ್ಸ್ ಮತ್ತು ಜಿ.ಎಂ. ಸ್ಟಾಕರ್ ಬ್ರಿಟನ್ನಿನ ಸುಮಾರು ಇಪ್ಪತ್ತು ಸಂಸ್ಥೆಗಳನ್ನು ಅಭ್ಯಸಿಸಿದರು. ಮಾರುಕಟ್ಟೆ ಮತ್ತು ತಂತ್ರಜ್ಞಾನ ನಿಂತ ನೀರಿನಂತಿದ್ದಾಗ ಕಟ್ಟುನಿಟ್ಟಿನ ಅಧಿಕಾರ ಶ್ರೇಣಿ ಸಾಕು, ಅವು ಬದಲಾಗುತ್ತಿದ್ದರೆ ಸಡಿಲವಾದ, ಹೊಂದಿಕೊಳ್ಳಬಲ್ಲ ರಚನೆ ಬೇಕು ಎಂದು ತೋರಿಸಿದರು. 1967ರಲ್ಲಿ ಪಾಲ್ ಲಾರೆನ್ಸ್ ಮತ್ತು ಜೇ ಲಾರ್ಶ್ ಈ ವಾದವನ್ನು ಬೆಳೆಸಿದರು. ಅದೇ ವರ್ಷ ಫ್ರಾನ್ಸಿಸ್ ಆಗ್ವಿಲಾರ್, ವ್ಯವಸ್ಥಾಪಕರು ಹೊರಗಿನ ಸುದ್ದಿಯನ್ನು ಹೇಗೆ ಕಲೆಹಾಕುತ್ತಾರೆ ಎಂಬುದನ್ನು ಕುರಿತು ಪುಸ್ತಕ ಬರೆದರು. ಇಂದು ಎಂಬಿಎ ತರಗತಿಗಳಲ್ಲಿ ರಾಜಕೀಯ, ಆರ್ಥಿಕ, ಸಾಮಾಜಿಕ, ತಾಂತ್ರಿಕ ಎಂದು ನಾಲ್ಕು ಮನೆ ಮಾಡಿ ತುಂಬಿಸುವ ಪಟ್ಟಿಯ ಬೇರು ಅಲ್ಲಿದೆ. 1972ರಲ್ಲಿ ಎರಡು ತಿದ್ದುಪಡಿ ಬಂದವು. ಹೊರಗೆ ಏನಿದೆ ಎಂಬುದಕ್ಕಿಂತ ನಿರ್ಧರಿಸುವವನ ಕಣ್ಣಿಗೆ ಅದು ಎಷ್ಟು ಅನಿಶ್ಚಿತವಾಗಿ ಕಾಣುತ್ತದೆ ಎಂಬುದು ಮುಖ್ಯ ಎಂದರು ರಾಬರ್ಟ್ ಡಂಕನ್. ಎಂಥ ವಾತಾವರಣದಲ್ಲೂ ಆಯ್ಕೆಗೆ ಎಡೆ ಇರುತ್ತದೆ, ಯಾವ ಮಾರುಕಟ್ಟೆಯಲ್ಲಿ ನಿಲ್ಲಬೇಕು ಎಂಬುದೇ ಒಂದು ಆಯ್ಕೆ ಎಂದರು ಜಾನ್ ಚೈಲ್ಡ್. ಇಷ್ಟೆಲ್ಲ ಚರ್ಚೆಯ ಹಿಂದೆ ಒಂದು ಗೃಹೀತ ಇತ್ತು: ಹೊರಗಿನದನ್ನು ಗಮನಿಸಲು ಒಂದು ವಿಭಾಗ, ಯೋಚಿಸಲು ಇನ್ನೊಂದು, ಜಾರಿಗೆ ತರಲು ಮತ್ತೊಂದು ಇರುತ್ತದೆ. ಲೇತ್ ಮುಂದೆ ನಿಂತೇ ಫೋನೆತ್ತಿ ದರ ಹೇಳಿ, ಸಂಜೆ ತೆರಿಗೆ ಲೆಕ್ಕ ನೋಡಿ, ರಾತ್ರಿ ಸಂಬಳಕ್ಕೆ ಹಣ ಹೊಂದಿಸುವ ಒಬ್ಬನೇ ವ್ಯಕ್ತಿ ಈ ಚಿತ್ರದಲ್ಲಿ ಎಲ್ಲೂ ಇರಲಿಲ್ಲ.

ಆ ವ್ಯಕ್ತಿಯನ್ನು ಚರ್ಚೆಯೊಳಕ್ಕೆ ತಂದದ್ದು 1981ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಜಾನ್ ವೆಲ್ಶ್ ಮತ್ತು ಜೆರ್ರಿ ವೈಟ್ ಬರೆದ ಲೇಖನ. ಸಣ್ಣ ವ್ಯವಹಾರವೆಂದರೆ ದೊಡ್ಡದರ ಕಿರಿಯ ಪಡಿಯಚ್ಚಲ್ಲ, ಹೊರಗಿನ ಒಂದೇ ಏಟು ದೊಡ್ಡದರ ಲಾಭವನ್ನು ತಗ್ಗಿಸಿದರೆ ಸಣ್ಣದರ ಪ್ರಾಣವನ್ನೇ ತೆಗೆಯಬಹುದು ಎಂಬುದು ಅವರ ವಾದದ ತಿರುಳು. 1989ರಲ್ಲಿ ಜೆಫ್ರಿ ಕೋವಿನ್ ಮತ್ತು ಡೆನ್ನಿಸ್ ಸ್ಲೆವಿನ್ 161 ಸಣ್ಣ ತಯಾರಿಕಾ ಘಟಕಗಳ ಮಾಹಿತಿ ಕಲೆಹಾಕಿದರು. ಪ್ರತಿಕೂಲ ವಾತಾವರಣದಲ್ಲಿ ಹೊಸದಕ್ಕೆ ಕೈಹಾಕುವ, ಸಡಿಲ ರಚನೆಯ ಘಟಕಗಳು ಗೆದ್ದವು. ಅನುಕೂಲ ವಾತಾವರಣದಲ್ಲಿ ಎಚ್ಚರಿಕೆಯ, ಬಿಗಿ ರಚನೆಯ ಘಟಕಗಳೇ ಚೆನ್ನಾಗಿ ನಡೆದವು. ಬಳಿಕದ ನೂರಾರು ಅಧ್ಯಯನಗಳಿಗೆ ಇದು ಅಡಿಪಾಯವಾಯಿತು. ಆದರೆ ಸಾಹಸ ಮಾಡಿ ಸೋತರೆ ಮತ್ತೆ ಎದ್ದು ನಿಲ್ಲಲು ನೆಲ ಇರಬೇಕು. ದಿವಾಳಿಯಾದವನ ಮನೆಯೂ ಅಡಮಾನದಲ್ಲಿ ಹೋಗುವ ಕಡೆ ಸಾಹಸದ ಬೆಲೆಯೇ ಬೇರೆ. ಹಾಗಾಗಿ ನಮ್ಮ ಪರಿಸ್ಥಿತಿಗೆ ಹೆಚ್ಚು ಒದಗುವುದು 1978ರಲ್ಲಿ ಜೆಫ್ರಿ ಫೆಫರ್ ಮತ್ತು ಜೆರಾಲ್ಡ್ ಸಲಾನ್ಸಿಕ್ ಮುಂದಿಟ್ಟ ವಿಚಾರ. ಸಂಸ್ಥೆಯೊಂದಕ್ಕೆ ಬೇಕಾದ ಸಂಪನ್ಮೂಲ ಯಾರ ಕೈಯಲ್ಲಿದೆಯೋ ಅವರ ಹಿಡಿತದಲ್ಲಿ ಆ ಸಂಸ್ಥೆಯ ನಿರ್ಧಾರಗಳೂ ಇರುತ್ತವೆ ಎಂದು ಅವರು ಹೇಳಿದರು. ಹೊರಗಿನ ವಾತಾವರಣ ಎಂಬ ಅಮೂರ್ತ ಮಾತಿಗೆ ಇಲ್ಲಿ ಮುಖ ಮೂಡಿತು: ಖರೀದಿ ವಿಭಾಗದ ಮುಖ್ಯಸ್ಥ, ಬ್ಯಾಂಕಿನ ಮ್ಯಾನೇಜರ್, ತಪಾಸಣೆಗೆ ಬರುವ ಅಧಿಕಾರಿ.

ಪಶ್ಚಿಮದಲ್ಲಿ ವಾತಾವರಣ ಎಂದರೆ ಮೊದಲಿಗೆ ಮಾರುಕಟ್ಟೆ. ಭಾರತದಲ್ಲಿ ಅದು ಮೊದಲಿಗೆ ಸರ್ಕಾರ. 1955ರ ಕರ್ವೆ ಸಮಿತಿ ಗ್ರಾಮೀಣ ಮತ್ತು ಸಣ್ಣ ಕೈಗಾರಿಕೆಗಳಿಗೆ ರಕ್ಷಣೆ ಬೇಕೆಂದಿತು. 1961ರಲ್ಲೇ ಪಿ.ಎನ್. ಧರ್ ಮತ್ತು ಎಚ್.ಎಫ್. ಲಿಡಾಲ್, ಸಣ್ಣದು ಎಂಬ ಒಂದೇ ಕಾರಣಕ್ಕೆ ಆಸರೆ ಕೊಡುವುದು ಸರಿಯೇ ಎಂದು ಪ್ರಶ್ನಿಸಿದರು. ಅವರ ಮಾತು ಆಗ ಹೆಚ್ಚು ಕೇಳಿಸಲಿಲ್ಲ. 1967ರಲ್ಲಿ 47 ವಸ್ತುಗಳ ತಯಾರಿಕೆಯನ್ನು ಸಣ್ಣ ಕೈಗಾರಿಕೆಗಳಿಗೆ ಮೀಸಲಿಡಲಾಯಿತು. 1970ರ ದಶಕ ಮುಗಿಯುವ ಹೊತ್ತಿಗೆ ಪಟ್ಟಿ 800 ದಾಟಿತ್ತು. ಯಂತ್ರೋಪಕರಣದ ಮೇಲಿನ ಹೂಡಿಕೆ ಇಷ್ಟರೊಳಗಿದ್ದರೆ ಮಾತ್ರ ಸಣ್ಣ ಕೈಗಾರಿಕೆ ಎಂಬ ಮಿತಿ ಇತ್ತು. ಆ ಮಿತಿ ದಾಟಿದವನು ಮೀಸಲು ವಸ್ತುವಿನ ತಯಾರಿಕೆ ವಿಸ್ತರಿಸಬೇಕಾದರೆ ರಫ್ತಿನ ಬದ್ಧತೆ ಹೊರಬೇಕಿತ್ತು, ಜೊತೆಗೆ ಅಬಕಾರಿ ಸುಂಕದ ರಿಯಾಯಿತಿಯೂ ಕೈಬಿಡುತ್ತಿತ್ತು. ಇಂಥ ನಿಯಮದ ಕೆಳಗೆ ಎರಡನೆಯ ಯಂತ್ರ ಕೊಳ್ಳುವ ಮಾಲೀಕ ಏನು ಮಾಡುತ್ತಾನೆ? ಪಕ್ಕದಲ್ಲೇ ಇನ್ನೊಂದು ಶೆಡ್ ಹಿಡಿದು ಹೆಂಡತಿಯ ಹೆಸರಲ್ಲೋ ತಮ್ಮನ ಹೆಸರಲ್ಲೋ ಬೇರೆ ಫರ್ಮ್ ತೆರೆಯುತ್ತಾನೆ. ಇಂಥ ಫರ್ಮ್‌ಗಳು ನಿಜಕ್ಕೂ ಬೇರೆಬೇರೆಯೇ, ಒಂದೇ ಘಟಕವೆಂದು ಸೇರಿಸಿ ಲೆಕ್ಕ ಹಾಕಬೇಕೇ ಎಂಬ ವಾದ ಅಬಕಾರಿ ಇಲಾಖೆಯ ಮುಂದೆ ವರ್ಷಗಟ್ಟಲೆ ನಡೆಯಿತು. ಮಿತಿಯೂ ನಿಂತಲ್ಲಿ ನಿಲ್ಲಲಿಲ್ಲ. ಅಬಿದ್ ಹುಸೇನ್ ಸಮಿತಿಯ ವರದಿಯ ನಂತರ 1997ರಲ್ಲಿ 3 ಕೋಟಿ ರೂಪಾಯಿಗೆ ಏರಿದ್ದು 1999ರಲ್ಲಿ 1 ಕೋಟಿಗೆ ಇಳಿಯಿತು. ಎರಡು ವರ್ಷದಲ್ಲಿ ನಿಯಮ ಹೀಗೆ ಹಿಂದುಮುಂದಾದರೆ ಐದು ವರ್ಷದ ಯೋಜನೆ ಹಾಕಿಲ್ಲವೆಂದು ಮಾಲೀಕನನ್ನು ದೂರುವುದು ಕಷ್ಟ.

ಮೀಸಲಾತಿ ತೆರವಾದದ್ದು ವಿದ್ವಾಂಸರಿಗೆ ಅಪರೂಪದ ಪರೀಕ್ಷೆಯೊಂದನ್ನು ಒದಗಿಸಿತು. ವಸ್ತುಗಳನ್ನು ಪಟ್ಟಿಯಿಂದ ಹಂತಹಂತವಾಗಿ ಕೈಬಿಡುತ್ತಾ ಬಂದು 2015ರ ಏಪ್ರಿಲ್‌ನಲ್ಲಿ ಉಳಿದ 20ನ್ನೂ ತೆಗೆದುಹಾಕಿದರು. ಲೆಸ್ಲಿ ಮಾರ್ಟಿನ್, ಶಾಂತಿ ನಟರಾಜ್ ಮತ್ತು ಆ್ಯನ್ ಹ್ಯಾರಿಸನ್ 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೀಸಲಾತಿ ತೆರವಿನ ಪರಿಣಾಮ ಹೆಚ್ಚು ತಟ್ಟಿದ ಜಿಲ್ಲೆಗಳಲ್ಲಿ ಉದ್ಯೋಗವೂ ಕೂಲಿಯೂ ಹೆಚ್ಚು ಬೆಳೆದವು. ಬೆಳೆಸಿದವರು ಯಾರೆಂಬುದು ನಮ್ಮ ಚರ್ಚೆಗೆ ಇನ್ನೂ ಮುಖ್ಯ: ಹೊಸದಾಗಿ ಬಂದವರ ಜೊತೆಗೆ, ಅದುವರೆಗೆ ಮಿತಿಯ ಒತ್ತಡದಲ್ಲಿ ಹಿಡಿದಿಟ್ಟುಕೊಂಡಿದ್ದ ಹಳಬರು. ಮಾಲೀಕರು ಅವರೇ, ಬದಲಾದದ್ದು ನಿಯಮ ಮಾತ್ರ. ಹಾಗೆಂದು ಒಂದು ಕಾನೂನು ಹೋದ ಕೂಡಲೇ ಎಲ್ಲರೂ ಬೆಳೆದರು ಎನ್ನುವಂತಿಲ್ಲ. ಚಾಂಗ್-ತಾಯ್ ಶೇ ಮತ್ತು ಪೀಟರ್ ಕ್ಲೆನೌ 2014ರಲ್ಲಿ ತೋರಿಸಿದಂತೆ, ಅಮೆರಿಕದಲ್ಲಿ 40 ವರ್ಷ ಬಾಳಿದ ಕಾರ್ಖಾನೆಯಲ್ಲಿ ಹೊಸ ಕಾರ್ಖಾನೆಗಿಂತ ಸರಾಸರಿ ಏಳು ಪಟ್ಟಿಗೂ ಹೆಚ್ಚು ಕೆಲಸಗಾರರಿರುತ್ತಾರೆ. ಭಾರತ ಮತ್ತು ಮೆಕ್ಸಿಕೊದಲ್ಲಿ ಅಷ್ಟೇ ವಯಸ್ಸಿಗೆ ಬೆಳವಣಿಗೆ ಸುಮಾರು ಎರಡು ಪಟ್ಟಿಗೆ ನಿಲ್ಲುತ್ತದೆ. ಇಷ್ಟು ದೊಡ್ಡ ಅಂತರಕ್ಕೆ ಮೀಸಲಾತಿಯೊಂದೇ ಕಾರಣವಾಗಲಾರದು.

ಉಳಿದ ಕಾರಣಗಳಲ್ಲಿ ಹಣದ ಓಡಾಟ ಮೊದಲನೆಯದು. ಯಂತ್ರದ ಬಿಡಿಭಾಗ ಮಾಡುವ ಘಟಕವೊಂದು ದೊಡ್ಡ ಕಂಪನಿಗೆ 10 ಲಕ್ಷ ರೂಪಾಯಿಯ ಮಾಲು ಕಳಿಸಿತು ಎನ್ನೋಣ. ಬಿಲ್ಲಿನ ಮೇಲೆ ಶೇ. 18ರಂತೆ 1.8 ಲಕ್ಷ ಜಿಎಸ್‌ಟಿ. ಆ ಕೆಲಸಕ್ಕೆ 6 ಲಕ್ಷದ ಉಕ್ಕು ಕೊಂಡು ಅದರ ಮೇಲೆ ಕಟ್ಟಿದ 1.08 ಲಕ್ಷ ತೆರಿಗೆಯನ್ನು ಕಳೆದರೂ, ಇನ್ನು 72,000 ರೂಪಾಯಿಯನ್ನು ಮುಂದಿನ ತಿಂಗಳ 20-25ನೆಯ ತಾರೀಕಿನೊಳಗೆ ಸರ್ಕಾರಕ್ಕೆ ಕಟ್ಟಬೇಕು. ಉಕ್ಕಿನ ಅಂಗಡಿಗೆ 7.08 ಲಕ್ಷ ಆಗಲೇ ಹೋಗಿದೆ, ಕೂಲಿಯೂ ಕರೆಂಟ್ ಬಿಲ್ಲೂ ಹೋಗಿವೆ. ಕಂಪನಿಯ ಪೇಮೆಂಟ್ ಮಾತ್ರ ತೊಂಬತ್ತನೆಯ ದಿನಕ್ಕೆ ಬಂದರೆ, ಅಷ್ಟು ದಿನ ಓವರ್‌ಡ್ರಾಫ್ಟಿನ ಬಡ್ಡಿ ಕಟ್ಟಿಕೊಂಡು ಸಣ್ಣವನೇ ದೊಡ್ಡವನಿಗೆ ಸಾಲ ಕೊಟ್ಟಂತಾಯಿತು. ಇದೇ ಗಿರಾಕಿ ಆರ್ಡರನ್ನು ಎರಡು ಪಟ್ಟು ಮಾಡುತ್ತೇನೆ ಎಂದಾಗ ಮಾಲೀಕ ಹಿಂಜರಿದರೆ ಅದು ಅಂಜಿಕೆಯಲ್ಲ; ಆರ್ಡರ್ ಎರಡು ಪಟ್ಟಾದರೆ ಸಿಕ್ಕಿಬೀಳುವ ಹಣವೂ ಎರಡು ಪಟ್ಟಾಗುತ್ತದೆ. 2006ರ ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ (ಎಂಎಸ್‌ಎಂಇ) ಕಾಯ್ದೆ 45 ದಿನದೊಳಗೆ ಹಣ ಕೊಡಬೇಕೆಂದೂ ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕಟ್ಟಬೇಕೆಂದೂ ಹೇಳುತ್ತದೆ. ಕಾಗದದ ಮೇಲೆ ಇದು ಬಲವಾದ ಕಾಯ್ದೆ. ಆದರೆ ವ್ಯಾಪಾರದ ಮುಕ್ಕಾಲು ಪಾಲು ಕೊಡುವ ಪಾರ್ಟಿಯ ಮೇಲೆ ದೂರು ಕೊಟ್ಟು ಮರುದಿನ ಯಾರ ಬಳಿ ಆರ್ಡರ್ ಕೇಳುವುದು? ಫೆಫರ್ ಮತ್ತು ಸಲಾನ್ಸಿಕ್ ಹೇಳಿದ ಅವಲಂಬನೆ ಇದೇ.

ವಿದ್ಯುತ್ತಿನ ವಿಷಯದಲ್ಲೂ ಗಾತ್ರವೇ ಭಾರವನ್ನು ಹಂಚುತ್ತದೆ. ಹಂಟ್ ಆಲ್ಕಾಟ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ವಿದ್ಯುತ್ ಕೊರತೆಯಿಂದ ಭಾರತದ ಸರಾಸರಿ ಕಾರ್ಖಾನೆಯ ಆದಾಯಕ್ಕೆ ಶೇ. 5ರಿಂದ 10ರಷ್ಟು ಪೆಟ್ಟು ಬಿದ್ದಿದೆ. ಜನರೇಟರಿನ ಖರ್ಚು ದೊಡ್ಡ ಘಟಕಕ್ಕೆ ಹಗುರ, ಸಣ್ಣದಕ್ಕೆ ಭಾರ. ಜನರೇಟರ್ ಇಲ್ಲದವನಿಗೆ ಪೆಟ್ಟು ಇನ್ನೂ ಜೋರು. ಬೆಂಗಳೂರಿನ ಚರಿತ್ರೆಯಲ್ಲಿ ಗಿರಾಕಿಯ ಮೇಲಿನ ಅವಲಂಬನೆಯ ಇನ್ನೊಂದು ರೂಪ ಕಾಣುತ್ತದೆ. ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್‌ನಂಥ ಸಾರ್ವಜನಿಕ ಉದ್ದಿಮೆಗಳ ನೆರಳಲ್ಲಿ ಬಿಡಿಭಾಗ ಮಾಡುವ ಘಟಕಗಳು ಬೆಳೆದವು, ಪೀಣ್ಯದಂಥ ಪ್ರದೇಶ ತುಂಬಿಕೊಂಡಿತು. ಆ ಆರ್ಡರುಗಳಿಂದ ಕೌಶಲವೂ ಬಂತು, ಒಂದೇ ಗಿರಾಕಿಯನ್ನು ನೆಚ್ಚಿಕೊಳ್ಳುವ ಅಭ್ಯಾಸವೂ ಬಂತು. ಇಟಲಿಯ ಸಣ್ಣ ಘಟಕಗಳು ಪರಸ್ಪರ ಹೊಂದಿಕೊಂಡು ಬೆಳೆದ ಬಗೆಯನ್ನು 1984ರಲ್ಲಿ ಮೈಕೆಲ್ ಪಿಯೋರೆ ಮತ್ತು ಚಾರ್ಲ್ಸ್ ಸೇಬಲ್ ಜಗತ್ತಿಗೆ ಪರಿಚಯಿಸಿದ್ದರು. ಅಂಥದ್ದು ಬೆಂಗಳೂರಿನಲ್ಲಿದೆಯೇ ಎಂದು ಮಾನವಶಾಸ್ತ್ರಜ್ಞ ಮಾರ್ಕ್ ಹೋಲ್ಮ್‌ಸ್ಟ್ರಾಮ್ 1994ರಲ್ಲಿ ಕೇಳಿದರು. ಕೆಲಸಗಾರರು ಅಗ್ಗವಾಗಿ ಸಿಗುವ ಕಡೆ ಕೌಶಲದಿಂದ ಪೈಪೋಟಿ ಮಾಡುವ ದಾರಿಯ ಜೊತೆಗೆ ಕೂಲಿ ಇಳಿಸಿ ಪೈಪೋಟಿ ಮಾಡುವ ದಾರಿಯೂ ತೆರೆದಿರುತ್ತದೆ ಎಂಬುದೇ ಆ ಪ್ರಶ್ನೆಯ ತೊಡಕು.

ಇಲ್ಲಿಗೆ ಎರಡು ಆಕ್ಷೇಪಗಳು ಏಳುತ್ತವೆ. ಎಲ್ಲಕ್ಕೂ ವಾತಾವರಣವೇ ಕಾರಣವಾದರೆ ಒಂದೇ ಬೀದಿಯಲ್ಲಿ, ಒಂದೇ ಕಾನೂನಿನ ಕೆಳಗೆ ಒಬ್ಬ ಬೆಳೆದು ಇನ್ನೊಬ್ಬ ಮುಳುಗುವುದೇಕೆ ಎಂಬುದು ಮೊದಲನೆಯದು. ಇದಕ್ಕೆ ಗಟ್ಟಿ ಆಧಾರವಿದೆ. ನಿಕೋಲಸ್ ಬ್ಲೂಮ್ ಮತ್ತು ಸಂಗಡಿಗರು ಮುಂಬಯಿ ಸುತ್ತಲಿನ ಬಟ್ಟೆ ಕಾರ್ಖಾನೆಗಳಲ್ಲಿ ಪ್ರಯೋಗ ನಡೆಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು: ದಾಸ್ತಾನು, ಗುಣಮಟ್ಟ, ಯಂತ್ರದ ನಿಗಾ ಇವುಗಳಲ್ಲಿ ಆಡಳಿತ ಸುಧಾರಿಸಿದ ಕಾರ್ಖಾನೆಗಳ ಉತ್ಪಾದಕತೆ ಮೊದಲ ವರ್ಷವೇ ಶೇ. 17ರಷ್ಟು ಏರಿತು. ಒಳಗಿನ ಲೋಪ ನಿಜ ಎಂದು ಒಪ್ಪಲೇಬೇಕು. ಆದರೆ ಇಷ್ಟು ಕೆಟ್ಟದಾಗಿ ನಡೆಯುವ ಕಾರ್ಖಾನೆಯನ್ನು ಚೆನ್ನಾಗಿ ನಡೆಯುವುದು ಏಕೆ ಮೂಲೆಗೆ ತಳ್ಳುವುದಿಲ್ಲ ಎಂದು ಕೇಳಿದಾಗ ಅದೇ ಅಧ್ಯಯನ ಮತ್ತೆ ಹೊರಗೆ ಕೈ ತೋರಿಸುತ್ತದೆ. ಕಾರ್ಖಾನೆಯ ಹೊಣೆಯನ್ನು ಹೊರಗಿನವರಿಗೆ ವಹಿಸಲು ಮಾಲೀಕರಿಗೆ ಧೈರ್ಯವಿಲ್ಲ, ಮೋಸವಾದರೆ ನ್ಯಾಯಾಲಯದಿಂದ ಬೇಗ ಪರಿಹಾರ ಸಿಗುವ ಭರವಸೆಯಿಲ್ಲ. ಹಾಗಾಗಿ ಮನೆಯಲ್ಲಿ ಎಷ್ಟು ಗಂಡುಮಕ್ಕಳಿದ್ದಾರೋ ಅಷ್ಟಕ್ಕೆ ವ್ಯವಹಾರದ ವಿಸ್ತಾರ ನಿಲ್ಲುತ್ತದೆ. ಪ್ರಯೋಗ ನಡೆದದ್ದು ನೂರಾರು ಕೆಲಸಗಾರರಿದ್ದ ಕಾರ್ಖಾನೆಗಳಲ್ಲಿ ಎಂಬುದನ್ನೂ ನೆನಪಿಡಬೇಕು. ಅವರಿಗೇ ಈ ಗತಿಯಾದರೆ ಹತ್ತು ಜನರ ಘಟಕದ ಪಾಡು ಹೇಳಬೇಕಾಗಿಲ್ಲ.

ಎರಡನೆಯ ಆಕ್ಷೇಪ ಇನ್ನೂ ತೀಕ್ಷ್ಣ. ಈ ವಾದ ಮಾಲೀಕನನ್ನು ಗಾಳಿ ಬೀಸಿದ ಕಡೆ ತೂರಿಹೋಗುವವನನ್ನಾಗಿ ಮಾಡುವುದಿಲ್ಲವೇ? ವಾತಾವರಣವೇ ಆರಿಸುತ್ತದೆ, ಸಂಸ್ಥೆಗಳು ಬಾಳುತ್ತವೆ ಇಲ್ಲವೇ ಅಳಿಯುತ್ತವೆ ಎಂದು ಮೈಕೆಲ್ ಹ್ಯಾನನ್ ಮತ್ತು ಜಾನ್ ಫ್ರೀಮನ್ 1977ರಲ್ಲಿ ಹೆಚ್ಚುಕಡಿಮೆ ಅದನ್ನೇ ಹೇಳಿದ್ದರು. ಒಂಟಿ ಘಟಕದ ಮಟ್ಟಿಗೆ ಈ ಮಾತಿನಲ್ಲಿ ಸತ್ಯವಿದೆ. ಗುಂಪಿನ ಮಟ್ಟಿಗೆ ಇಲ್ಲ ಎಂದು 1990ರ ದಶಕದ ಅಧ್ಯಯನಗಳು ತೋರಿಸಿದವು. ತಮಿಳುನಾಡಿನ ಪಾಲಾರ್ ಕಣಿವೆಯ ಚರ್ಮ ಹದಮಾಡುವ ಘಟಕಗಳು ಮಾಲಿನ್ಯದ ವಿಷಯದಲ್ಲಿ ಸುಪ್ರೀಂ ಕೋರ್ಟಿನ ಆದೇಶ ಎದುರಿಸಿದಾಗ, ಸಂಸ್ಕರಣಾ ಘಟಕ ಕಟ್ಟುವ ಶಕ್ತಿ ಒಬ್ಬೊಬ್ಬರಿಗೆ ಇರಲಿಲ್ಲ. ಹಲವರು ಸೇರಿ ಸಾಮೂಹಿಕ ಸಂಸ್ಕರಣಾ ಘಟಕಗಳನ್ನು ಕಟ್ಟಿಕೊಂಡು ಉಳಿದುಕೊಂಡ ಬಗೆಯನ್ನು ಲೊರೇನ್ ಕೆನಡಿ 1999ರಲ್ಲಿ ವಿವರಿಸಿದರು. ಪಾಕಿಸ್ತಾನದ ಸಿಯಾಲ್‌ಕೋಟ್‌ನಲ್ಲಿ ಶಸ್ತ್ರಚಿಕಿತ್ಸೆಯ ಉಪಕರಣ ಮಾಡುವವರು ಅಮೆರಿಕದ ಗುಣಮಟ್ಟದ ನಿರ್ಬಂಧವನ್ನು ಸಂಘದ ಮೂಲಕ ಎದುರಿಸಿದ್ದನ್ನು ಖಾಲಿದ್ ನದ್ವಿ ದಾಖಲಿಸಿದರು. ಸೋಲಿನ ಕತೆಯೂ ಇದೆ: ಬ್ರೆಜಿಲ್‌ನ ಸಿನೋಸ್ ಕಣಿವೆಯ ಪಾದರಕ್ಷೆ ತಯಾರಕರ ಮಹತ್ವಾಕಾಂಕ್ಷೆಯ ಜಂಟಿ ಯೋಜನೆ ಮುರಿದುಬಿತ್ತು. ಅಲ್ಲಿನ ಕೆಲವು ದೊಡ್ಡ ಕಂಪನಿಗಳಿಗೆ ನೆರೆಯವರಿಗಿಂತ ಅಮೆರಿಕದ ಖರೀದಿದಾರರೇ ಹತ್ತಿರದವರಾಗಿದ್ದರು ಎಂದು ಹ್ಯೂಬರ್ಟ್ ಶ್ಮಿಟ್ಸ್ ಕಾರಣ ಕೊಟ್ಟರು. ಹಾಗಾಗಿ ಸಣ್ಣವರ ಮಟ್ಟಿಗೆ ಹೊರಗಿನದನ್ನು ಬದಲಿಸುವ ಕಾರ್ಯತಂತ್ರ ಎಂದರೆ ಬಹುಪಾಲು ಸಂಘ ಕಟ್ಟುವುದೇ.

ಹೀಗೆ, ಸಂಸ್ಥೆ ಹೊರಗಿನದಕ್ಕೆ ಹೇಗೆ ಹೊಂದಿಕೊಳ್ಳಬೇಕು ಎಂದು ಕೇಳುತ್ತ ಹೊರಟ ಕ್ಷೇತ್ರ, ಹೊರಗಿನದು ಎಂಥ ನಿರ್ಧಾರಗಳನ್ನು ಲಾಭದಾಯಕವಾಗಿಸುತ್ತದೆ ಎಂದು ಕೇಳುವಲ್ಲಿಗೆ ಬಂದಿದೆ. ನೀತಿ ರೂಪಿಸುವವರೂ ಇದನ್ನೇ ಕೇಳಿಕೊಳ್ಳಬೇಕು. 2020ರ ಜುಲೈನಲ್ಲಿ ಸಣ್ಣ ಉದ್ದಿಮೆಯ ಮಿತಿಯನ್ನು 10 ಕೋಟಿ ಹೂಡಿಕೆ ಮತ್ತು 50 ಕೋಟಿ ವಹಿವಾಟಿಗೆ ಏರಿಸಲಾಯಿತು. 2025ರ ಏಪ್ರಿಲ್‌ನಿಂದ ಅದು 25 ಕೋಟಿ ಮತ್ತು 100 ಕೋಟಿ. ಗೆರೆ ದೂರ ಸರಿದದ್ದು ಒಳ್ಳೆಯದೇ, ಆದರೆ ಗೆರೆ ದಾಟಿದವನು ಸವಲತ್ತು ಕಳೆದುಕೊಳ್ಳುವವರೆಗೆ ಗೆರೆಯ ಈಚೆ ನಿಲ್ಲುವ ಆಸೆಯೂ ಇರುತ್ತದೆ. 45 ದಿನದೊಳಗೆ ಹಣ ಕೊಡದೆ ವರ್ಷದ ಕೊನೆಗೂ ಬಾಕಿ ಉಳಿಸಿದರೆ ಆ ಖರ್ಚನ್ನು ಆ ವರ್ಷದ ಆದಾಯದಿಂದ ಕಳೆಯುವಂತಿಲ್ಲ ಎಂದು 2023ರಲ್ಲಿ ಆದಾಯ ತೆರಿಗೆ ಕಾಯ್ದೆಗೆ ಸೇರಿಸಿದ ತಿದ್ದುಪಡಿ ಜಾಣತನದ್ದು: ಸಣ್ಣವನು ದೂರು ಕೊಡಬೇಕಾಗಿಲ್ಲ, ತೆರಿಗೆ ಲೆಕ್ಕವೇ ದೊಡ್ಡವನನ್ನು ಎಚ್ಚರಿಸುತ್ತದೆ. ಅದರಲ್ಲೂ ಸಂದಿಯಿದೆ. ತಿದ್ದುಪಡಿ ಅನ್ವಯಿಸುವುದು ಅತಿಸಣ್ಣ ಮತ್ತು ಸಣ್ಣ ಉದ್ದಿಮೆಗಳಿಗೆ ಮಾತ್ರ. ಮಧ್ಯಮ ಗಾತ್ರದವರಿಂದಲೋ ನೋಂದಣಿ ಇಲ್ಲದವರಿಂದಲೋ ಕೊಳ್ಳುವ ದಾರಿ ಖರೀದಿದಾರನಿಗೆ ತೆರೆದೇ ಇದೆ. ಪ್ರತಿ ನಿಯಮವನ್ನೂ ಹೀಗೆ ಮಾಲೀಕನ ಮೇಜಿನ ಬಳಿ ಕೂತು ಲೆಕ್ಕ ಹಾಕಿ ನೋಡಬೇಕು: ಇದು ಅವನಿಗೆ ಎಷ್ಟು ದಿನ ಮುಂದಕ್ಕೆ ನೋಡುವ ಅವಕಾಶ ಕೊಡುತ್ತದೆ? ದೂರದೃಷ್ಟಿ ಬೆಳೆಸಲು ನಡೆಸುವ ತರಬೇತಿ ಶಿಬಿರಗಳಿಗಿಂತ, ಸಮಯಕ್ಕೆ ಬರುವ ಪೇಮೆಂಟ್, ಕೈಕೊಡದ ವಿದ್ಯುತ್ತು ಮತ್ತು ಎರಡು ವರ್ಷಕ್ಕೊಮ್ಮೆ ಬದಲಾಗದ ನಿಯಮ ಆ ಅವಕಾಶವನ್ನು ಹೆಚ್ಚು ಖಚಿತವಾಗಿ ಕೊಡಬಲ್ಲವು.