ಕೊಟ್ಟಿಗೆಯ ಮೇವು ಮತ್ತು ಇಲಿಯ ಆಮಿಷ: ಪಶುಸಾಕಣೆಯ ತಾಣಗಳಲ್ಲಿ ಇಲಿವಿಷದ ಬಳಕೆ ಹಾಗೂ ಸುರಕ್ಷತೆ

ಪೀಠಿಕೆ

ಹೈನುಗಾರಿಕೆಯ ಕೊಟ್ಟಿಗೆ, ಕೋಳಿಫಾರಂ, ಹಂದಿ ಸಾಕಣೆಯ ಶೆಡ್ಡು ಇವೆಲ್ಲ ಆಹಾರ, ನೀರು, ಆಸರೆ ಎಂಬ ಮೂರನ್ನೂ ಇಲಿಗಳಿಗೆ ವರ್ಷವಿಡೀ ಒಂದೇ ಕಡೆ ಒದಗಿಸುವ ತಾಣಗಳಾಗಿವೆ. ಹೊಲದಲ್ಲಿ ಇಲಿಗಳ ಸಂಖ್ಯೆ ಬೆಳೆಯ ಹಂತವನ್ನು ಅನುಸರಿಸಿ ಏರಿಳಿದರೆ ಕೊಟ್ಟಿಗೆಯಲ್ಲಿ ಅಂಥ ಬಿಡುವು ಇರುವುದಿಲ್ಲ; ರಾಗಿ ಮತ್ತು ಭತ್ತದ ಕೊಯ್ಲು ಮುಗಿದ ಮೇಲೆ ಹೊಲದ ಇಲಿಗಳ ಒಂದು ಪಾಲು ಹುಲ್ಲಿನ ಬಣವೆಗೂ ಹಿಂಡಿ-ಬೂಸಾ ಇಡುವ ಕೋಣೆಗೂ ಸರಿಯುವುದರಿಂದ ಅಲ್ಲಿನ ಉಪದ್ರವ ಇನ್ನಷ್ಟು ಹೆಚ್ಚುತ್ತದೆ. ನಷ್ಟವು ಇಲಿ ತಿಂದ ಆಹಾರಕ್ಕೆ ಮಾತ್ರ ಸೀಮಿತವಲ್ಲ. ಇಲಿಯ ಮೂತ್ರದಲ್ಲಿ ಹೊರಬರುವ ಲೆಪ್ಟೊಸ್ಪೈರಾ ಎಂಬ ಬ್ಯಾಕ್ಟೀರಿಯಾ ಮನುಷ್ಯರಲ್ಲಿ ಇಲಿಜ್ವರವನ್ನು ತರುತ್ತದೆ ಮತ್ತು ಹಸುಗಳು ಕಂದು ಹಾಕುವುದಕ್ಕೂ ಕಾರಣವಾಗಬಲ್ಲದು. ಕೋಳಿಫಾರಮ್ಮುಗಳಲ್ಲಿ ಸಾಲ್ಮೊನೆಲ್ಲಾ ಸೋಂಕು ಒಂದು ತಂಡದಿಂದ ಮುಂದಿನ ತಂಡಕ್ಕೆ ದಾಟುವುದರಲ್ಲಿ ಇಲಿಗಳ ಪಾತ್ರವಿದೆ.

ಈ ಹಾನಿಗೆ ಪರಿಹಾರವೆಂದು ವಿಷವನ್ನು ಬಳಸುವಾಗ ಪರಿಣಾಮ ಮತ್ತು ಸುರಕ್ಷತೆ ಪರಸ್ಪರ ವಿರುದ್ಧವಾದ ಬೇಡಿಕೆಗಳೆಂದು, ಒಂದನ್ನು ಹೆಚ್ಚಿಸಿದರೆ ಇನ್ನೊಂದು ಕುಗ್ಗುತ್ತದೆಂದು ಭಾವಿಸುವುದುಂಟು. ಪಶುಸಾಕಣೆಯ ತಾಣದ ಮಟ್ಟಿಗೆ ಈ ಭಾವನೆ ಸರಿಯಲ್ಲವೆಂಬುದು ಪ್ರಸ್ತುತ ಲೇಖನದ ವಾದ. ವಿಷ ವಿಫಲವಾಗುವುದಕ್ಕೂ ಅದು ಸಾಕುಪ್ರಾಣಿಯ ಬಾಯಿಗೆ ಹೋಗುವುದಕ್ಕೂ ಬಹುಮಟ್ಟಿಗೆ ಒಂದೇ ಮೂಲವಿದೆ. ಅದು ಮೇವು ಮತ್ತು ಪಶು ಆಹಾರದ ಅಸ್ತವ್ಯಸ್ತ ನಿರ್ವಹಣೆ.

ಇಲಿಗಳು ಉಣ್ಣುವ ರೀತಿ

ಕರ್ನಾಟಕದ ಕೊಟ್ಟಿಗೆ ಮತ್ತು ಫಾರಮ್ಮುಗಳಲ್ಲಿ ಮುಖ್ಯವಾಗಿ ಕಾಣುವ ದಂಶಕಗಳು ಮಾಡು-ತೊಲೆಗಳ ಮೇಲೆ ಓಡಾಡುವ ಮನೆ ಇಲಿ, ನೆಲದಲ್ಲಿ ಬಿಲ ತೋಡುವ ಹೆಗ್ಗಣದ ಜಾತಿಗಳು ಹಾಗೂ ಮನೆಯ ಸಣ್ಣ ಇಲಿ. ಇವುಗಳ ಜೊತೆಯಲ್ಲೇ ಕಾಣಿಸಿಕೊಳ್ಳುವ ಸೊಂಡಿಲಿ ದಂಶಕವಲ್ಲ, ಹುಳುಹುಪ್ಪಟೆಗಳನ್ನು ತಿನ್ನುವ ಪ್ರಾಣಿ. ಧಾನ್ಯದ ಆಮಿಷ ಅದಕ್ಕಾಗಿ ಇಡುವಂಥದ್ದಲ್ಲ. ಯಾವ ಜಾತಿ ಎಂಬುದನ್ನು ಗುರುತಿಸದೆ ಆಮಿಷ ಇಟ್ಟಾಗ ವಿಷ ವ್ಯರ್ಥವಾಗುತ್ತದೆ: ಮನೆ ಇಲಿಗೆ ಅಟ್ಟದ ಮೇಲೂ ಹೆಗ್ಗಣಕ್ಕೆ ಬಿಲದ ಬಳಿಯಲ್ಲೂ ಆಮಿಷ ಸಿಗಬೇಕಾಗುತ್ತದೆ.

ದೊಡ್ಡ ಇಲಿಗಳು ಹೊಸ ವಸ್ತುವನ್ನು ಕಂಡರೆ ಹಲವು ದಿನ ಅದರಿಂದ ದೂರವಿದ್ದು, ಆಮೇಲೆ ಸ್ವಲ್ಪವೇ ತಿಂದು ನೋಡುತ್ತವೆ; ಇದನ್ನು ನವಭೀತಿ ಎನ್ನಲಾಗುತ್ತದೆ. ತಿಂದ ಕೆಲವೇ ಗಂಟೆಗಳಲ್ಲಿ ಹೊಟ್ಟೆ ಕೆಟ್ಟರೆ ಆ ತೊಂದರೆಯನ್ನು ತಿಂಡಿಯ ರುಚಿಯೊಂದಿಗೆ ಜೋಡಿಸಿಕೊಂಡು ಮತ್ತೆ ಅದನ್ನು ಮುಟ್ಟದಿರುವುದು ಆಮಿಷ ವಿಮುಖತೆ. ಸಣ್ಣ ಇಲಿ ಇದಕ್ಕೆ ವ್ಯತಿರಿಕ್ತವಾಗಿ ಹೊಸದರ ಬಗ್ಗೆ ಕುತೂಹಲ ತೋರಿ, ಹತ್ತಾರು ಕಡೆ ಒಂದಿಷ್ಟೊಂದಿಷ್ಟೇ ಮೆಲ್ಲುತ್ತದೆ. ಆದ್ದರಿಂದ ದೊಡ್ಡ ಇಲಿಗಳಿಗೆ ಸುಮಾರು 5ರಿಂದ 10 ಮೀಟರಿಗೊಂದು ಆಮಿಷ ಸಾಕಾದರೆ ಸಣ್ಣ ಇಲಿಗಳಿಗೆ 2–3 ಮೀಟರಿಗೊಂದರಂತೆ ಕಡಿಮೆ ಪ್ರಮಾಣದ ಆಮಿಷ ಬೇಕಾಗುತ್ತದೆ. ಗೋದಲಿಯಲ್ಲಿ ರಾತ್ರಿಯಿಡೀ ಹಿಂಡಿ ಉಳಿದಿದ್ದರೆ, ಬಾಯಿ ಬಿಚ್ಚಿದ ಮೂಟೆಯಿಂದ ಮೆಕ್ಕೆಜೋಳದ ನುಚ್ಚು ಚೆಲ್ಲಿದ್ದರೆ, ಪರಿಚಿತವಾದ ಆ ಆಹಾರವನ್ನು ಬಿಟ್ಟು ಅಪರಿಚಿತವಾದ ಆಮಿಷದ ಕಡೆ ತಿರುಗಲು ಇಲಿಗೆ ಯಾವ ಕಾರಣವೂ ಉಳಿಯುವುದಿಲ್ಲ.

ವಿಷಗಳ ಎರಡು ವರ್ಗ

ಬಳಕೆಯಲ್ಲಿರುವ ಇಲಿವಿಷಗಳನ್ನು ತೀವ್ರ ವಿಷಗಳು ಮತ್ತು ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಿಷಗಳು ಎಂದು ವಿಂಗಡಿಸಬಹುದು. ಇಲಿಪಾಷಾಣವೆಂದು ಜನ ಕರೆಯುವ ಜಿಂಕ್ ಫಾಸ್ಫೈಡ್ ಮೊದಲ ವರ್ಗಕ್ಕೆ ಸೇರುತ್ತದೆ. ಈ ಕಪ್ಪು ಪುಡಿ ಜಠರದ ಆಮ್ಲದೊಂದಿಗೆ ಸೇರಿ ಫಾಸ್ಫೀನ್ ಅನಿಲವನ್ನು ಬಿಡುಗಡೆ ಮಾಡುತ್ತದೆ. ಅದಕ್ಕೆ ನಿರ್ದಿಷ್ಟ ಪ್ರತಿವಿಷವಿಲ್ಲ. 96 ಭಾಗ ನುಚ್ಚು, 2 ಭಾಗ ಅಡುಗೆ ಎಣ್ಣೆ, 2 ಭಾಗ ವಿಷ ಎಂಬ ಅನುಪಾತವು ಭಾರತದ ಕೃಷಿ ವಿಸ್ತರಣೆಯಲ್ಲಿ ಶಿಫಾರಸಾಗಿದ್ದು, ಅದಕ್ಕೆ ಮುಂಚೆ ಎರಡು-ಮೂರು ದಿನ ವಿಷವಿಲ್ಲದ ಅದೇ ನುಚ್ಚನ್ನು ಇಟ್ಟು ಇಲಿಗಳಿಗೆ ರೂಢಿ ಮಾಡಿಸಬೇಕೆಂಬ ಸೂಚನೆಯೂ ಅದರೊಂದಿಗೇ ಇದೆ. ಈ ಸೂಚನೆಯನ್ನು ಕೈಬಿಟ್ಟಲ್ಲಿ ಆಮಿಷ ವಿಮುಖತೆ ಹುಟ್ಟುತ್ತದೆ. ಇಲಿ ಸಾಯಲಿಲ್ಲವೆಂದು ರೈತ ವಿಷದ ಪ್ರಮಾಣವನ್ನು ಹೆಚ್ಚಿಸುತ್ತಾನೆ. ಹೆಚ್ಚಿದ ವಿಷ ಇಲಿಯನ್ನು ಇನ್ನಷ್ಟು ದೂರವಿಟ್ಟು ನಾಯಿ, ಕೋಳಿ, ಮಕ್ಕಳಿಗೆ ಅಪಾಯವನ್ನು ಬೆಳೆಸುತ್ತದೆ.

ಎರಡನೆಯ ವರ್ಗದ ಚರಿತ್ರೆ ಕೊಟ್ಟಿಗೆಯಲ್ಲೇ ಆರಂಭವಾಗುತ್ತದೆ. 1920ರ ದಶಕದಲ್ಲಿ ಕೆನಡಾ ಮತ್ತು ಅಮೆರಿಕದ ಉತ್ತರ ಭಾಗದ ದನಗಳು ಬೂಷ್ಟು ಹಿಡಿದ ಸ್ವೀಟ್ ಕ್ಲೋವರ್ ಎಂಬ ಮೇವನ್ನು ತಿಂದು ನಿಲ್ಲದ ರಕ್ತಸ್ರಾವದಿಂದ ಸಾಯತೊಡಗಿದಾಗ, ಪಶುರೋಗ ತಜ್ಞ ಫ್ರಾಂಕ್ ಸ್ಕೋಫೀಲ್ಡ್ ಕಾಯಿಲೆಗೂ ಕೆಟ್ಟ ಮೇವಿಗೂ ಇರುವ ಸಂಬಂಧವನ್ನು ತೋರಿಸಿದರು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಕಾರ್ಲ್ ಲಿಂಕ್ ಅವರ ತಂಡ ಆ ಮೇವಿನಿಂದ ಡೈಕುಮರಾಲ್ ಎಂಬ ರಾಸಾಯನಿಕವನ್ನು ಬೇರ್ಪಡಿಸಿತು. ಅದೇ ಕುಟುಂಬದ ವಾರ್ಫರಿನ್ 1948ರಲ್ಲಿ ಇಲಿವಿಷವಾಗಿ ಬಳಕೆಗೆ ಬಂದಿತು. ರಕ್ತ ಹೆಪ್ಪುಗಟ್ಟಲು ಬೇಕಾದ ಅಂಶಗಳನ್ನು ಯಕೃತ್ತು ತಯಾರಿಸಲು ವಿಟಮಿನ್ ಕೆ ಮತ್ತೆ ಮತ್ತೆ ಪುನಶ್ಚೇತನಗೊಳ್ಳಬೇಕಾಗುತ್ತದೆ; ಈ ವಿಷಗಳು ಆ ಪುನಶ್ಚೇತನವನ್ನೇ ತಡೆಯುತ್ತವೆ. ದೇಹದಲ್ಲಿ ಮೊದಲೇ ಇದ್ದ ಅಂಶಗಳು ಖರ್ಚಾಗುವವರೆಗೆ ಲಕ್ಷಣಗಳು ಕಾಣದ ಕಾರಣ ಇಲಿಗೆ ತಿಂಡಿಯ ಮೇಲೆ ಅನುಮಾನ ಬರುವುದಿಲ್ಲ.

ವಾರ್ಫರಿನ್‌ಗೆ ಜಗ್ಗದ ಇಲಿಗಳು 1958ರಲ್ಲಿ ಸ್ಕಾಟ್ಲೆಂಡಿನಲ್ಲಿ ಕಂಡುಬಂದ ಮೇಲೆ ಬ್ರೊಮಾಡಿಯೊಲೋನ್, ಬ್ರೊಡಿಫಾಕಮ್ ಮೊದಲಾದ ಎರಡನೆಯ ತಲೆಮಾರಿನ ವಿಷಗಳು ರೂಪುಗೊಂಡವು. ಭಾರತದಲ್ಲಿ ಬ್ರೊಮಾಡಿಯೊಲೋನ್ ಶೇ. 0.005ರ ಆಮಿಷವಾಗಿ ಬಳಕೆಯಲ್ಲಿದೆ. ಅಂದರೆ 20 ಗ್ರಾಂ ಬಿಲ್ಲೆಯಲ್ಲಿ 1 ಮಿಲಿಗ್ರಾಂ ವಿಷವಿರುತ್ತದೆ. ಪ್ರಯೋಗಕ್ಕೊಳಪಟ್ಟ ಇಲಿಗಳಲ್ಲಿ ಅರ್ಧದಷ್ಟನ್ನು ಕೊಲ್ಲುವ ಪ್ರಮಾಣ ದೇಹತೂಕದ ಕಿಲೋಗೆ ಸುಮಾರು 1.1 ಮಿಲಿಗ್ರಾಂ ಆದ್ದರಿಂದ 250 ಗ್ರಾಂ ತೂಕದ ಇಲಿಗೆ ಐದಾರು ಗ್ರಾಂ ಆಮಿಷ ಆ ಮಟ್ಟವನ್ನು ಮುಟ್ಟುತ್ತದೆ. ಆದರೆ ಸಾವು ಹಲವು ದಿನ ತಡವಾಗಿ ಬರುವುದರಿಂದ, ಇಲಿ ದಿನಕ್ಕೆ 15 ಗ್ರಾಮಿನಂತೆ ನಾಲ್ಕು ದಿನ ತಿಂದರೆ ಅದರ ಹತ್ತು ಪಟ್ಟು ವಿಷ ದೇಹ ಸೇರುತ್ತದೆ. ಯಕೃತ್ತಿನಲ್ಲಿ ದೀರ್ಘಕಾಲ ಉಳಿಯುವ ಈ ಹೆಚ್ಚುವರಿ ವಿಷವು ಇಲಿಯನ್ನು ಕೊಲ್ಲುವುದಕ್ಕೆ ಬೇಕಾದದ್ದಲ್ಲ. ಅದನ್ನು ಹಿಡಿದು ತಿನ್ನುವ ಬೆಕ್ಕು, ನಾಯಿ, ಕಣಜದ ಗೂಬೆಗಳಿಗೆ ಅದು ವರ್ಗಾವಣೆಯಾಗುತ್ತದೆ. ಕೊಟ್ಟಿಗೆಯನ್ನು ಇಲಿಗಳಿಂದ ಸಂಬಳವಿಲ್ಲದೆ ಕಾಯುವ ಬೇಟೆಗಾರರೇ ಹೀಗೆ ಕಡಿಮೆಯಾದರೆ ಮುಂದಿನ ವರ್ಷ ವಿಷದ ಅಗತ್ಯ ಹೆಚ್ಚುತ್ತದೆ.

ಸಾಕುಪ್ರಾಣಿಗಳಿಗೆ ವಿಷ ತಲುಪುವ ದಾರಿಗಳು

ಮೊದಲನೆಯ ದಾರಿ ನೇರ ಸೇವನೆ. ಇಲಿಗೆ ಇಷ್ಟವಾಗಲೆಂದು ಧಾನ್ಯ, ಎಣ್ಣೆ, ಬೆಲ್ಲ ಸೇರಿಸಿದ ಆಮಿಷ ಕೋಳಿಗೂ ಕರುವಿಗೂ ನಾಯಿಗೂ ಇಷ್ಟವೇ. ಹಂದಿಗಳು ವಾರ್ಫರಿನ್‌ಗೆ ವಿಶೇಷವಾಗಿ ಸೂಕ್ಷ್ಮ. ಮೆಲುಕು ಹಾಕುವ ಪ್ರಾಣಿಗಳಿಗೆ ಅಪಾಯವಿಲ್ಲವೆಂಬ ನಂಬಿಕೆಗೂ ಆಧಾರವಿಲ್ಲ, ಏಕೆಂದರೆ ಈ ವರ್ಗದ ವಿಷವನ್ನು ಪತ್ತೆಹಚ್ಚಿಸಿದ್ದೇ ದಿನಗಟ್ಟಲೆ ಸ್ವಲ್ಪಸ್ವಲ್ಪವಾಗಿ ಅದನ್ನು ತಿಂದು ಸತ್ತ ದನಗಳು. ಎರಡನೆಯ ದಾರಿ ಸ್ಥಳಾಂತರ: ಇಲಿಗಳು ಆಮಿಷವನ್ನು ಹೊತ್ತೊಯ್ದು ಬಣವೆಯಲ್ಲೋ ಆಹಾರದ ಮೂಟೆಗಳ ನಡುವೆಯೋ ಕೂಡಿಡುತ್ತವೆ, ಬಿಡಿ ನುಚ್ಚು ಅಟ್ಟದಿಂದ ಗೋದಲಿಗೆ ಉದುರುತ್ತದೆ. ಮೂರನೆಯದು ಮನುಷ್ಯರ ಕೈತಪ್ಪು: ಹಿಂಡಿ ಅಳೆಯುವ ಪಾತ್ರೆಯಲ್ಲೇ ವಿಷ ಬೆರೆಸುವುದು, ವಿಷದ ಪೊಟ್ಟಣವನ್ನು ಖನಿಜ ಮಿಶ್ರಣದ ಪಕ್ಕದಲ್ಲಿಡುವುದು, ಬೋಂಡಾ ಅಥವಾ ಟೊಮೆಟೊದಂಥ ಮನುಷ್ಯರೂ ತಿನ್ನುವ ಪದಾರ್ಥದಲ್ಲಿ ವಿಷ ತುಂಬಿಡುವುದು. ನಾಲ್ಕನೆಯದು ಸತ್ತ ಇಲಿ. ಈ ನಾಲ್ಕರಲ್ಲಿ ಮೊದಲ ಮೂರೂ ಆಹಾರ ಮತ್ತು ಆಮಿಷಗಳ ನಡುವಿನ ಗಡಿ ಅಳಿಸಿಹೋದಲ್ಲಿ ಸಂಭವಿಸುವಂಥವು.

ಆಹಾರ ಮತ್ತು ವಿಷದ ಸಂಬಂಧ ಇನ್ನೊಂದು ಹಂತದಲ್ಲೂ ಕೆಲಸ ಮಾಡುತ್ತದೆ. ಕೋಳಿ ಮತ್ತು ಹಂದಿಗಳ ಸಿದ್ಧ ಆಹಾರಕ್ಕೆ ವಿಟಮಿನ್ ಕೆ3, ಅಂದರೆ ಮೆನಡಯೋನ್ ಸೇರಿಸುವ ರೂಢಿಯಿದೆ. ಆ ಆಹಾರ ಇಲಿಗೂ ಸಲೀಸಾಗಿ ಸಿಗುವಲ್ಲಿ, ವಿಶೇಷವಾಗಿ ವಿಷಕ್ಕೆ ಪ್ರತಿರೋಧ ಪಡೆದ ಇಲಿಗಳಲ್ಲಿ, ಅದು ವಿಷದ ಪರಿಣಾಮವನ್ನು ತಗ್ಗಿಸಬಲ್ಲದು.

ಸುರಕ್ಷಿತ ಆಮಿಷದ ಕ್ರಮ

ಮೇಲಿನ ವಿವೇಚನೆಯಿಂದ ಕೆಲಸದ ಅನುಕ್ರಮ ಸ್ಪಷ್ಟವಾಗುತ್ತದೆ. ಮೊದಲಿಗೆ ಹಿಂಡಿ-ಬೂಸಾ ಮೂಟೆಗಳನ್ನು ಗೋಡೆಯಿಂದ ದೂರವಾಗಿ ಹಲಗೆಯ ಮೇಲೆ ಪೇರಿಸಬೇಕು, ಬಿಚ್ಚಿದ ಮೂಟೆಯನ್ನು ಮುಚ್ಚಳವಿರುವ ತಗಡಿನ ಡಬ್ಬಕ್ಕೆ ಸುರಿಯಬೇಕು, ಸಂಜೆಯ ಮೇವಿನ ನಂತರ ಗೋದಲಿಯನ್ನು ಗುಡಿಸಬೇಕು. ಸಣ್ಣ ಇಲಿ 6 ಮಿಲಿಮೀಟರ್ ಸಂದಿನಲ್ಲೂ ನುಸುಳುವುದರಿಂದ ತೂತುಗಳನ್ನು ಸಿಮೆಂಟು ಅಥವಾ ತಂತಿಬಲೆಯಿಂದ ಮುಚ್ಚಬೇಕು. ಬಣವೆಯನ್ನೂ ಕಸದ ರಾಶಿಯನ್ನೂ ವಿಷ ಇಡುವ ಮುನ್ನವೇ ಪೂರ್ತಿ ಕದಲಿಸಿದರೆ ಇಲಿಗಳು ಚದುರಿಹೋಗುತ್ತವಾದ್ದರಿಂದ, ಆಹಾರವನ್ನು ಮೊದಲು ಭದ್ರಪಡಿಸಿ, ಆಸರೆಯನ್ನು ಕೊನೆಗೆ ತೆಗೆಯುವುದು ಸೂಕ್ತ.

ಆಮಿಷವನ್ನು ಬೀಗವಿರುವ, ಒಳಗೆ ತಡೆಗೋಡೆಯುಳ್ಳ ಪೆಟ್ಟಿಗೆಯಲ್ಲಿ, ಬಿಲ್ಲೆಯನ್ನು ಸರಳಿಗೆ ಪೋಣಿಸಿ ಇಟ್ಟರೆ ಇಲಿ ಅದನ್ನು ಅಲ್ಲೇ ಕಡಿದು ತಿನ್ನಬೇಕಾಗುತ್ತದೆ. ಹೊತ್ತೊಯ್ಯುವ, ಉದುರುವ ಎರಡೂ ಅಪಾಯಗಳು ತಗ್ಗುತ್ತವೆ. ಪೆಟ್ಟಿಗೆಯ ಸ್ಥಳ ಗೋಡೆಯ ಬುಡದ ಇಲಿದಾರಿ. ಕೋಳಿಫಾರಮ್ಮಿನಲ್ಲಿ ಹಕ್ಕಿಗಳ ಅಂಕಣದ ಹೊರಗೆ ಮಾತ್ರ. ಎರಡನೆಯ ತಲೆಮಾರಿನ ವಿಷಕ್ಕೆ ಅಲ್ಪ ಪ್ರಮಾಣದ ಆಮಿಷವನ್ನು ಸುಮಾರು ವಾರದ ಅಂತರದಲ್ಲಿ ಇಡುವ ಬಿಡುವಿನ ಕ್ರಮ ಹೊಂದುತ್ತದೆ: ಮೊದಲ ಸರದಿಯಲ್ಲಿ ತಿಂದವು ಸಾಯುವವರೆಗೆ ಮತ್ತೆ ತಿನ್ನಲು ಸಿಗದಿರುವುದರಿಂದ ಹೆಚ್ಚುವರಿ ವಿಷ ಅವುಗಳ ದೇಹ ಸೇರುವುದಿಲ್ಲ. ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಗಳ ಮಾರಾಟ ಮತ್ತು ಬಳಕೆ ಭಾರತದಲ್ಲಿ ನಿರ್ಬಂಧಿತವಾಗಿದ್ದು, ಅವುಗಳಿಂದ ಹೊರಡುವ ಅನಿಲ ಬಿಲದಿಂದ ಕೊಟ್ಟಿಗೆಯೊಳಕ್ಕೆ ಹರಿಯಬಲ್ಲದಾದ್ದರಿಂದ ರೈತರು ಅವನ್ನು ಬಳಸುವ ಪ್ರಶ್ನೆಯೇ ಇಲ್ಲ. ಕೈಗವಸು ತೊಟ್ಟು ಪ್ರತಿದಿನ ಸತ್ತ ಇಲಿಗಳನ್ನು ಆರಿಸಿ, ಬಾವಿ-ಹಳ್ಳಗಳಿಂದ ದೂರ ಆಳವಾಗಿ ಹೂಳುವುದು ಈ ಕ್ರಮದ ಭಾಗವೇ.

ವಿಷಬಾಧೆಯ ಸಂದರ್ಭದಲ್ಲಿ ವಿಷದ ಪೊಟ್ಟಣವನ್ನು ಪಶುವೈದ್ಯರಿಗೆ ತೋರಿಸುವುದು ನಿರ್ಣಾಯಕ. ರಕ್ತ ಹೆಪ್ಪುಗಟ್ಟದಂತೆ ಮಾಡುವ ವಿಷಕ್ಕೆ ವಿಟಮಿನ್ ಕೆ1 ಪ್ರತಿವಿಷವಾಗಿದ್ದು, ಆಹಾರದಲ್ಲಿ ಬಳಸುವ ಕೆ3 ಅದಕ್ಕೆ ಬದಲಿಯಾಗದು. ಎರಡನೆಯ ತಲೆಮಾರಿನ ವಿಷವಾದರೆ ಚಿಕಿತ್ಸೆ ವಾರಗಟ್ಟಲೆ ಸಾಗಬೇಕು. ಜಿಂಕ್ ಫಾಸ್ಫೈಡ್ ತಿಂದ ನಾಯಿಯ ವಾಂತಿಯಿಂದ ಹೊರಡುವ ಫಾಸ್ಫೀನ್ ಆರೈಕೆ ಮಾಡುವವರಿಗೂ ಅಪಾಯಕಾರಿಯಾದ್ದರಿಂದ ಗಾಳಿಯಾಡುವ ಜಾಗ ಅಗತ್ಯ.

ಸಮಾರೋಪ

ಪೆಟ್ಟಿಗೆಗಳಿಗೆ ಸಂಖ್ಯೆ ಕೊಟ್ಟು, ಇಟ್ಟ ಮತ್ತು ಉಳಿದ ಆಮಿಷದ ತೂಕವನ್ನು ಬರೆದಿಡುವ ಸರಳ ದಾಖಲೆ ಕೊಟ್ಟಿಗೆಯ ಸ್ಥಿತಿಯನ್ನು ಅಳೆಯುವ ಸಾಧನವೂ ಆಗುತ್ತದೆ. ಆಮಿಷದ ಸೇವನೆ ಕ್ರಮೇಣ ಇಳಿದು ನಿಂತರೆ ವಿಷವನ್ನು ತೆಗೆದುಬಿಡಬೇಕು; ಆರಂಭದಿಂದಲೂ ಯಾವ ಪೆಟ್ಟಿಗೆಯನ್ನೂ ಮುಟ್ಟದೆ ಹಿಕ್ಕೆ ಮಾತ್ರ ಹೆಚ್ಚುತ್ತಿದ್ದರೆ ಬೇರೆಡೆ ಆಹಾರ ಸಿಗುತ್ತಿದೆಯೆಂದು, ವಾರಗಟ್ಟಲೆ ತಿನ್ನುತ್ತಲೇ ಇದ್ದರೆ ಹೊರಗಿನಿಂದ ಇಲಿಗಳು ಬರುತ್ತಿವೆಯೆಂದು ಅಥವಾ ಪ್ರತಿರೋಧ ಬೆಳೆದಿದೆಯೆಂದು ಶಂಕಿಸಬೇಕು. ಈ ಯಾವ ಸಂದರ್ಭದಲ್ಲೂ ವಿಷದ ಪ್ರಮಾಣವನ್ನು ಏರಿಸುವುದು ಉತ್ತರವಲ್ಲ. ವರ್ಷವಿಡೀ ವಿಷ ಇಡಬೇಕಾದ ಕೊಟ್ಟಿಗೆಯಲ್ಲಿ ದೋಷವನ್ನು ಮೊದಲು ಹುಡುಕಬೇಕಾದದ್ದು ವಿಷದ ಆಯ್ಕೆಯಲ್ಲಲ್ಲ, ಮೇವಿನ ಕೋಣೆಯಲ್ಲಿ.