ಕೊನೆಯ ಗಾಡಿಯ ಕೆಂಪು ದೀಪ

ಕಡೇಚೂರು ಅಂದ ಕೂಡಲೇ ಬೆಂಗಳೂರಿನ ಗೆಳೆಯರು "ಅದೆಲ್ಲಪ್ಪಾ ಬರತ್ತೆ?" ಅಂತ ಕೇಳ್ತಾರೆ. ಯಾದಗಿರಿಯಿಂದ ರಾಯಚೂರಿನ ಕಡೆ ರೈಲಿನಲ್ಲಿ ಹೊರಟರೆ ಸೈದಾಪುರ ಸಿಗುತ್ತೆ. ಅದರ ಆಸುಪಾಸಿನ ಊರು ನಮ್ಮ ಕಡೇಚೂರು. ಪಕ್ಕದ ಬಾಡಿಯಾಳದ ಜಮೀನನ್ನೂ ಸೇರಿಸಿಕೊಂಡು ಸರ್ಕಾರ ಇಲ್ಲಿ 3,000 ಎಕರೆಗೂ ಹೆಚ್ಚಿನ ಕೈಗಾರಿಕಾ ಪ್ರದೇಶ ಮಾಡಿದೆ. ಅದರಲ್ಲಿ ರೈಲ್ವೆಯ ಬೋಗಿ ಕಾರ್ಖಾನೆಯೂ ಇದೆ. ಅಂದಹಾಗೆ ನಾವೆಲ್ಲ 'ಬೋಗಿ' ಅನ್ನೋದು ಜನ ಕೂರುವ ಡಬ್ಬಿಗೆ. ರೈಲ್ವೆಯವರ ಲೆಕ್ಕದಲ್ಲಿ ಬೋಗಿ ಅಂದರೆ ಡಬ್ಬಿಯ ಕೆಳಗೆ ಚಕ್ರ, ಅಚ್ಚು, ಸ್ಪ್ರಿಂಗು ಎಲ್ಲ ಸೇರಿದ ಚೌಕಟ್ಟು.

ಈ ಬರಹ ಕಾರ್ಖಾನೆಯ ಬಗ್ಗೆ ಅಲ್ಲ. ಒಂದು ಗಾಡಿ ಇನ್ನೊಂದನ್ನು ಎಳೆದುಕೊಂಡು ಹೋಗುವಾಗ ಹಿಂದಿನ ಗಾಡಿಯ ಬೆನ್ನಿಗೆ ಇರಬೇಕಾದ ಕೆಂಪು ದೀಪದ ಬಗ್ಗೆ. ಸಣ್ಣ ವಿಷಯ ಅನ್ನಿಸಬಹುದು. ಆದರೆ ನಮ್ಮ ಕಡೆಯ ರಸ್ತೆಯಲ್ಲಿ ರಾತ್ರಿ ಹೊತ್ತು ಬೈಕು ಓಡಿಸಿದವರಿಗೆ ಅದು ಎಷ್ಟು ದೊಡ್ಡ ವಿಷಯ ಅಂತ ಗೊತ್ತು. ಎದುರಿನ ಲಾರಿಯ ಲೈಟು ಕಣ್ಣಿಗೆ ಹೊಡೆದು ಮುಂದೆ ಏನೂ ಕಾಣದ ಆ ಎರಡು ಸೆಕೆಂಡಿನಲ್ಲೇ ದೀಪ ಇಲ್ಲದ ಟ್ರಾಲಿಯೊಂದು ಮುಂದೆ ನಿಂತಿರುತ್ತೆ.

ಮೊದಲು ರೈಲಿನಿಂದಲೇ ಶುರು ಮಾಡೋಣ. ಮುಂಬಯಿ ಕಡೆಯಿಂದ ಬಂದ ಜಿಐಪಿ ರೈಲ್ವೆ, ಮದ್ರಾಸಿನ ಕಡೆಯಿಂದ ಬಂದ ಮದ್ರಾಸ್ ರೈಲ್ವೆ ಎರಡೂ 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಯಾದಗಿರಿ, ಸೈದಾಪುರದ ಮೇಲೆ ಹಾದುಹೋಗುವುದು ಅದೇ ದಾರಿ. ಅಂದರೆ ನಮ್ಮ ಭಾಗದ ಜನ 'ಒಂದಕ್ಕೊಂದು ಕೊಂಡಿ ಹಾಕಿದ ಗಾಡಿಗಳ ಸಾಲು' ನೋಡಲು ಶುರು ಮಾಡಿ ನೂರೈವತ್ತು ವರ್ಷ ದಾಟಿತು.

ಆ ಸಾಲಿನ ಕೊನೆಯಲ್ಲಿ ಒಂದು ಕೆಂಪು ದೀಪ ಇರುತ್ತಿತ್ತು. ಆಗ ಎಣ್ಣೆಯದು, ಈಗ ಮಿಣುಕುವ ವಿದ್ಯುತ್ತಿನದು. ಹಗಲಿಗೆ 'ಎಲ್‌ವಿ' ಅಂತ ಬರೆದ ಹಲಗೆ. ಲಾಸ್ಟ್ ವೆಹಿಕಲ್, ಅಂದರೆ ಕೊನೆಯ ಗಾಡಿ ಅಂತ ಅರ್ಥ. ಹಿಂದಿನಿಂದ ಬರುವವರಿಗೆ ಎಚ್ಚರಿಕೆ ಕೊಡುವುದು ಆ ದೀಪದ ಒಂದು ಕೆಲಸ ಮಾತ್ರ. ಇನ್ನೊಂದು ಕೆಲಸ ಅದಕ್ಕಿಂತ ಜಾಣತನದ್ದು. ರೈಲು ಸ್ಟೇಷನ್ ದಾಟುವಾಗ ಅಲ್ಲಿಯ ಸಿಬ್ಬಂದಿ ಕೊನೆಯ ಡಬ್ಬಿಯನ್ನು ನೋಡಬೇಕು. ದೀಪ ಅಥವಾ ಹಲಗೆ ಕಂಡರೆ ಗಾಡಿ ಪೂರ್ತಿ ಬಂತು ಅಂತ ಲೆಕ್ಕ. ಕಾಣದಿದ್ದರೆ ನಡುವೆ ಎಲ್ಲೋ ಕೊಂಡಿ ಕಳಚಿ ಅರ್ಧ ಗಾಡಿ ಹಿಂದೆಯೇ ಉಳಿದಿರಬಹುದು. ಆಗ ಆ ಹಳಿಯ ಮೇಲೆ ಇನ್ನೊಂದು ರೈಲು ಬಿಡುವಂತಿಲ್ಲ. ದೀಪ ಇರುವುದು ಒಂದು ಸುದ್ದಿಯಾದರೆ ಇಲ್ಲದಿರುವುದು ಅದಕ್ಕಿಂತ ದೊಡ್ಡ ಸುದ್ದಿ!

ರೈಲ್ವೆಯವರು ಇಷ್ಟು ತಲೆ ಕೆಡಿಸಿಕೊಳ್ಳಲು ಕಾರಣ ಇದೆ. 1889ರ ಜೂನ್ 12ರಂದು ಐರ್ಲೆಂಡಿನ ಅರ್ಮಾ ಎಂಬಲ್ಲಿ ಏರು ಹತ್ತಲಾರದ ರೈಲನ್ನು ಎರಡು ತುಂಡು ಮಾಡಿದರು. ಹಿಂದಿನ ತುಂಡು ತಾನಾಗಿಯೇ ಇಳಿಜಾರಿನಲ್ಲಿ ಉರುಳಿ ಹಿಂದೆ ಬರುತ್ತಿದ್ದ ರೈಲಿಗೆ ಬಡಿಯಿತು. ಸುಮಾರು 80 ಜನ ಸತ್ತರು, ಅದರಲ್ಲಿ ಮಕ್ಕಳೂ ಬಹಳ. ಅದೇ ವರ್ಷ ಬ್ರಿಟನ್ನಿನಲ್ಲಿ ಕಾನೂನು ಬಂತು. ಪ್ರಯಾಣಿಕರ ರೈಲಿಗೆ ಉದ್ದಕ್ಕೂ ಹರಡಿದ ಬ್ರೇಕು ಇರಬೇಕು, ಕೊಂಡಿ ಹರಿದರೆ ಅದು ತಾನಾಗಿಯೇ ಹಿಡಿದುಕೊಳ್ಳಬೇಕು ಅಂತ. ನಮ್ಮಂಥ ಇಂಜಿನಿಯರುಗಳು 'ಫೇಲ್ ಸೇಫ್' ಅಂತ ದೊಡ್ಡದಾಗಿ ಹೇಳುವ ಮಾತಿನ ಹಿಂದೆ ಇಂಥ ಹೆಣಗಳ ಲೆಕ್ಕ ಇರುತ್ತೆ.

ಈಗ ಹಳಿ ಬಿಟ್ಟು ರಸ್ತೆಗೆ ಬರೋಣ. ಎತ್ತಿನ ಬಂಡಿಗೆ ಅಚ್ಚಿನ ಕೆಳಗೆ ಕಂದೀಲು ಕಟ್ಟುತ್ತಿದ್ದದ್ದು ನಮ್ಮಲ್ಲಿ ಹಲವರಿಗೆ ಅಜ್ಜನ ಬಾಯಲ್ಲಿ ಕೇಳಿ ಗೊತ್ತು. ಅಲ್ಲಿ ಕಟ್ಟಿದರೆ ಎತ್ತಿನ ಕಾಲ ಬುಡಕ್ಕೂ ಬೆಳಕು, ಹಿಂದಿನವರಿಗೂ ಗುರುತು. ಚಕ್ರದ ಅರೆಗಳ ನೆರಳು ರಸ್ತೆಯ ಮೇಲೆ ತಿರುಗುತ್ತಿದ್ದರೆ ದೂರದಿಂದಲೇ ಬಂಡಿ ಅಂತ ತಿಳಿಯುತ್ತಿತ್ತು. ತಂತಿ ಇಲ್ಲ, ಫ್ಯೂಸ್ ಇಲ್ಲ, ಎಣ್ಣೆ ಮುಗಿದರೆ ಮಾತ್ರ ತೊಂದರೆ :-)

ಆಮೇಲೆ ಟ್ರ್ಯಾಕ್ಟರ್ ಬಂತು. ಐಷರ್ ಕಂಪನಿ 1959ರಲ್ಲಿ ಫರೀದಾಬಾದಿನಲ್ಲಿ ದೇಶದೊಳಗೇ ಟ್ರ್ಯಾಕ್ಟರ್ ತಯಾರಿಸಲು ಶುರು ಮಾಡಿತು. ನಮ್ಮ ಭಾಗದ ಚಿತ್ರ ಬದಲಾಗಿದ್ದು 1982ರಲ್ಲಿ ನಾರಾಯಣಪುರದ ಬಸವಸಾಗರ ಅಣೆಕಟ್ಟು ಮುಗಿದ ಮೇಲೆ. ಎಡದಂಡೆ ಕಾಲುವೆಯ ನೀರು ಸುರಪುರ, ಶಹಾಪುರದ ಹೊಲಕ್ಕೆ ಹರಿಯಿತು. ಭತ್ತ ಬಂತು, ಕ್ಯಾಂಪುಗಳು ಬಂದವು. ಟ್ರ್ಯಾಕ್ಟರಿನ ಹಿಂದೆ ಟ್ರಾಲಿ ಬಂತು. ಹತ್ತಿ, ತೊಗರಿ, ಭತ್ತ, ಮರಳು, ಮದುವೆ ದಿಬ್ಬಣ ಎಲ್ಲವೂ ಅದೇ ಟ್ರಾಲಿಯಲ್ಲಿ. ಆದರೆ ಈ ಬದಲಾವಣೆಯಲ್ಲಿ ಅಚ್ಚಿನ ಕೆಳಗಿನ ಕಂದೀಲು ಕಳೆದುಹೋಯಿತು. ಅದರ ಜಾಗಕ್ಕೆ ಬರಬೇಕಾಗಿದ್ದ ವಿದ್ಯುತ್ ದೀಪ ಕಾಗದದ ಮೇಲೆ ಬಂತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 104 ರಿಫ್ಲೆಕ್ಟರ್ ಬಗ್ಗೆ, 105 ದೀಪಗಳ ಬಗ್ಗೆ. ರಸ್ತೆಯ ಮೇಲೆ ಮಾತ್ರ ಬರಲೇ ಇಲ್ಲ, ಬಂದದ್ದೂ ಉಳಿಯಲಿಲ್ಲ.

ಯಾಕೆ ಉಳಿಯಲಿಲ್ಲ? ಇಲ್ಲೇ ನನಗೆ ಕುತೂಹಲ. ರೈತರಿಗೆ ಕಾಳಜಿ ಇಲ್ಲ ಅಂತ ಒಂದೇ ಮಾತಲ್ಲಿ ಮುಗಿಸಿಬಿಡೋದು ಸುಲಭ. ತಂತಿಯ ಲೆಕ್ಕ ಹಾಕಿದರೆ ಬೇರೆಯೇ ಕಥೆ ಹೇಳುತ್ತೆ.

ಸಾಮಾನ್ಯವಾಗಿ ಟ್ರಾಲಿಗೆ ಒಂದೇ ತಂತಿ ಎಳೆದು, ವಾಪಸ್ ಬರುವ ದಾರಿಗೆ ಕಬ್ಬಿಣದ ಮೈಯನ್ನೇ ಅರ್ತ್ ಮಾಡಿಬಿಡುತ್ತಾರೆ. ಅಂದರೆ ಕರೆಂಟು ಕೊಂಡಿಯ ಪಿನ್ನಿನ ಮೂಲಕ ಟ್ರ್ಯಾಕ್ಟರಿಗೆ ಹಿಂತಿರುಗಬೇಕು. ಆ ಪಿನ್ನಿಗೆ ತುಕ್ಕು, ಮಣ್ಣು, ಗ್ರೀಸು. ಪ್ರತಿ ಹಂಪಿಗೂ ಅದು ಕುಣಿಯುತ್ತೆ, ದೀಪವೂ ಕುಣಿಯುತ್ತೆ. ಎರಡನೆಯದು ತಂತಿಯ ದಪ್ಪ. 21 ವ್ಯಾಟಿನ ಎರಡು ಬ್ರೇಕ್ ಬಲ್ಬಿಗೆ 12 ವೋಲ್ಟಿನಲ್ಲಿ 3.5 ಆಂಪಿಯರ್ ಬೇಕು. ಅಗ್ಗದ 0.5 ಚದರ ಮಿಲಿಮೀಟರಿನ ತಾಮ್ರದ ತಂತಿಯನ್ನು 8 ಮೀಟರ್ ಹೋಗಲು, 8 ಮೀಟರ್ ಬರಲು ಹಾಕಿದರೆ ದಾರಿಯಲ್ಲೇ ಸುಮಾರು 2 ವೋಲ್ಟ್ ತಿಂದುಹೋಗುತ್ತೆ. ಬಲ್ಬಿಗೆ ಸಿಗೋದು 10 ವೋಲ್ಟ್. ತಂತಿಬಲ್ಬಿನ ಬೆಳಕು ವೋಲ್ಟೇಜು ಇಳಿದಷ್ಟೇ ಪ್ರಮಾಣದಲ್ಲಿ ಇಳಿಯೋದಿಲ್ಲ, ತೀರಾ ವೇಗವಾಗಿ ಇಳಿಯುತ್ತೆ. 10 ವೋಲ್ಟಿಗೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಬೆಳಕು ಅಷ್ಟೇ. ಅದರ ಮೇಲೆ ಧೂಳು, ಅದರ ಮೇಲೆ ಇಳಿಬಿದ್ದ ಹತ್ತಿ ಮೂಟೆ!

ಎಲ್ಲಕ್ಕಿಂತ ಮುಖ್ಯ ಕಾರಣ ಮೂರನೆಯದು. ಟ್ರಾಲಿಯ ದೀಪ ಆರಿದರೆ ಚಾಲಕನಿಗೆ ಗೊತ್ತೇ ಆಗೋದಿಲ್ಲ. ರೈಲಿಗೆ ಪ್ರತಿ ಸ್ಟೇಷನ್ನಿನಲ್ಲಿ ಒಬ್ಬ ನೋಡುವವನಿದ್ದ. ಟ್ರಾಲಿಗೆ ಯಾರಿದ್ದಾರೆ? ರೈಲಿನಲ್ಲಿ ದೀಪ ಇಲ್ಲದಿರುವುದೇ ಸುದ್ದಿಯಾಗಿತ್ತು, ರಸ್ತೆಯಲ್ಲಿ ಅದು ಯಾರಿಗೂ ಸುದ್ದಿಯಲ್ಲ, ಗುದ್ದುವವರೆಗೆ.

ಹೊರದೇಶದಲ್ಲಿ ಇದಕ್ಕೆ ಏಳು ಪಿನ್ನಿನ ಸಾಕೆಟ್ ಮಾಡಿಕೊಂಡರು. ಐಎಸ್‌ಓ 1724 ಅಂತ ಅದರ ನಂಬರು. ಹಳದಿ ತಂತಿ ಎಡ ಇಂಡಿಕೇಟರಿಗೆ, ಹಸಿರು ಬಲಕ್ಕೆ, ಕೆಂಪು ಬ್ರೇಕಿಗೆ, ಕಂದು ಮತ್ತು ಕಪ್ಪು ಬಲ-ಎಡದ ಹಿಂದಿನ ದೀಪಕ್ಕೆ, ಬಿಳಿ ಅರ್ತಿಗೆ, ಉಳಿದದ್ದು ನೀಲಿ. ಬಿಳಿ ತಂತಿಯ ಮಹತ್ವ ನೋಡಿ, ಕೊಂಡಿಯ ಪಿನ್ನನ್ನು ನಂಬಬೇಡಿ ಅಂತಲೇ ಅದನ್ನು ಬೇರೆ ಎಳೆದಿದ್ದಾರೆ. ಈ ಸಾಕೆಟ್ಟಿನಲ್ಲಿ ಅರ್ತಿಗೆ 31, ಬ್ರೇಕ್ ದೀಪಕ್ಕೆ 54, ಹಿಂದಿನ ದೀಪಕ್ಕೆ 58 ಅಂತ ಗುರುತು. ಇವು ಜರ್ಮನಿಯ ಡಿಐಎನ್ 72552 ಪಟ್ಟಿಯ ಸಂಖ್ಯೆಗಳು. ಯಾವುದೇ ಊರಿನ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ ರಿಲೇ ತಿರುಗಿಸಿ ನೋಡಿ, 30, 85, 86, 87 ಅಂತ ಇರುತ್ತೆ. ಅದೂ ಅದೇ ಪಟ್ಟಿಯದು. ಜರ್ಮನ್ ಅಕ್ಷರ ಗೊತ್ತಿಲ್ಲದ ನಮ್ಮ ಮೇಸ್ತ್ರಿಗಳು ಜರ್ಮನ್ ನಂಬರುಗಳನ್ನು ಮಗ್ಗಿಯ ಹಾಗೆ ಹೇಳ್ತಾರೆ!

ಈಗ ಎಲೆಕ್ಟ್ರಿಕ್ ಕಾರಿಗೆ ಬರೋಣ. ಇಲ್ಲೊಂದು ತಮಾಷೆ ಇದೆ. ವಿದ್ಯುತ್ ದೀಪ ಮೊದಲು ಸಿಕ್ಕ ಕಾರುಗಳೇ ಎಲೆಕ್ಟ್ರಿಕ್ ಕಾರುಗಳು. 1898ರಲ್ಲಿ ಅಮೆರಿಕದ ಕೊಲಂಬಿಯಾ ಎಲೆಕ್ಟ್ರಿಕ್ ಕಾರಿಗೆ ವಿದ್ಯುತ್ ದೀಪ ಇತ್ತು. ಪೆಟ್ರೋಲ್ ಕಾರುಗಳು ಆಗಿನ್ನೂ ಎಣ್ಣೆ, ಕಾರ್ಬೈಡ್ ದೀಪದಲ್ಲಿದ್ದವು. ನಮ್ಮ ರಾಜ್ಯದಲ್ಲಿ ಚೇತನ್ ಮೈನಿಯವರ ರೇವಾ 2001ರಲ್ಲಿ ಬೆಂಗಳೂರಿನಿಂದ ಬಂತು, 48 ವೋಲ್ಟಿನ ಸೀಸದ ಬ್ಯಾಟರಿಗಳ ಮೇಲೆ. 2010ರಲ್ಲಿ ಅದು ಮಹೀಂದ್ರಾ ಕೈಗೆ ಹೋಯಿತು. ಟ್ರ್ಯಾಕ್ಟರಿನಲ್ಲೂ ಸೋನಾಲಿಕಾ 2020ರ ಕೊನೆಗೆ ಎಲೆಕ್ಟ್ರಿಕ್ ಮಾದರಿ ತಂದಿತು. ಅಂದರೆ ಈ ಪ್ರಶ್ನೆ ಇವತ್ತಲ್ಲ ನಾಳೆ ನಮ್ಮ ಹೊಲಕ್ಕೂ ಬರುತ್ತೆ.

ಇಂಗ್ಲೆಂಡಿನಲ್ಲಿರುವ ನಮ್ಮ ಕಡೆಯ ಗೆಳೆಯನೊಬ್ಬ ಎಲೆಕ್ಟ್ರಿಕ್ ಕಾರಿನ ಹಿಂದಿನ ಕೊಂಡಿಗೆ ಸೈಕಲ್ ಸ್ಟ್ಯಾಂಡು, ಅದಕ್ಕೊಂದು ದೀಪದ ಹಲಗೆ ಕಟ್ಟಿಕೊಂಡಿದ್ದಾನೆ. "ದೀಪ ಮಿಣಮಿಣ ಅಂತಿದೆ, ಕಾರು ಬಲ್ಬ್ ಹೋಗಿದೆ ಅಂತ ಬೈತಿದೆ, ಏನ್ ಮಾಡ್ಲಿ ಮಾರಾಯಾ?" ಅಂತ ಫೋನ್ ಮಾಡಿದ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೀತೀನಿ.

ಎಲೆಕ್ಟ್ರಿಕ್ ಕಾರಿನ ದೊಡ್ಡ ಬ್ಯಾಟರಿಗೂ ದೀಪಕ್ಕೂ ನೇರ ಸಂಬಂಧ ಇಲ್ಲ. ದೀಪ, ಲಾಕು, ಹಾರ್ನು ಎಲ್ಲ ಹಳೆಯ 12 ವೋಲ್ಟಿನ ಮೇಲೆಯೇ. ಡಿಸಿ-ಡಿಸಿ ಕನ್ವರ್ಟರ್ ಅಲ್ಟರ್ನೇಟರಿನ ಕೆಲಸ ಮಾಡುತ್ತೆ. ಆದ್ದರಿಂದ ಕಿತ್ತಳೆ ಬಣ್ಣದ ಕೇಬಲ್ ಮುಟ್ಟುವ ಅಗತ್ಯವೇ ಇಲ್ಲ, ಮುಟ್ಟಲೂಬಾರದು, ಅದರಲ್ಲಿ ನೂರಾರು ವೋಲ್ಟ್ ಇರುತ್ತೆ. ಹಾಗೇ ಕಾರು ನಿಲ್ಲಿಸಿ ಹಿಂದಿನ ದೀಪ ಹತ್ತಿಸಿಟ್ಟು ಹೋದರೆ ಸಣ್ಣ 12 ವೋಲ್ಟ್ ಬ್ಯಾಟರಿ ಖಾಲಿಯಾಗಬಹುದು. ಆಗ ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಏಳುವುದಿಲ್ಲ, ಯಾಕಂದ್ರೆ ದೊಡ್ಡದನ್ನು ಜೋಡಿಸುವ ಸ್ವಿಚ್ಚಿಗೆ ಈ ಸಣ್ಣದರ ಕರೆಂಟೇ ಬೇಕು.

ಹುಡುಕುವ ಕ್ರಮ ಹೀಗೆ. ಮೊದಲು ಹಿಂದಿನದನ್ನು ಕಳಚಿ ಕಾರಿನ ದೀಪ ಮಾತ್ರ ನೋಡಿ. ನಂತರ ಹಿಂದಿನದನ್ನು ಬೇರೆ 12 ವೋಲ್ಟ್ ಬ್ಯಾಟರಿಗೆ ಕೊಟ್ಟು ಒಂದೊಂದೇ ದೀಪ ಹತ್ತಿಸಿ ನೋಡಿ. ಎರಡೂ ಸರಿಯಿದ್ದರೆ ತೊಂದರೆ ನಡುವಿನ ಸಾಕೆಟ್ಟಿನಲ್ಲಿ. ಬ್ರೇಕ್ ಒತ್ತಿದಾಗ ಇಂಡಿಕೇಟರೂ ಮಂಕಾಗಿ ಹತ್ತಿದರೆ ಹೆಚ್ಚಾಗಿ ಬಿಳಿ ತಂತಿ ಕೈಕೊಟ್ಟಿದೆ ಅಂತ ತಿಳೀರಿ. ವಾಪಸ್ ದಾರಿ ಮುಚ್ಚಿದ ಕರೆಂಟು ಇನ್ನೊಂದು ಬಲ್ಬಿನೊಳಗೆ ನುಸುಳುತ್ತಿದೆ. ಮಲ್ಟಿಮೀಟರ್ ಒಂದನ್ನೇ ನಂಬಬೇಡಿ. ಒಂದೇ ಎಳೆ ಉಳಿದ ತಂತಿಯಲ್ಲೂ ಅದು 12 ತೋರಿಸುತ್ತೆ, ಬಲ್ಬ್ ಹಾಕಿದಾಗಲೇ ಬಣ್ಣ ಬಯಲು.

ಇನ್ನು ಮಿಣಮಿಣದ ವಿಷಯ. ಈಗಿನ ಹಲವು ಕಾರುಗಳಲ್ಲಿ ದೀಪಕ್ಕೆ ಕರೆಂಟು ಕೊಡುವುದು ಸ್ವಿಚ್ಚಲ್ಲ, ಬಾಡಿ ಕಂಟ್ರೋಲ್ ಮಾಡ್ಯೂಲ್ ಎಂಬ ಪುಟ್ಟ ಕಂಪ್ಯೂಟರು. ಅದು ಕರೆಂಟನ್ನು ತುಂಡು ತುಂಡಾಗಿ ಕಳಿಸಿ ಬೆಳಕು ಹೆಚ್ಚುಕಡಿಮೆ ಮಾಡುತ್ತೆ, ನಡುನಡುವೆ ಬಲ್ಬ್ ಇದೆಯೋ ಇಲ್ಲವೋ ಅಂತ ಸಣ್ಣ ಮಿಡಿತ ಕಳಿಸಿ ನೋಡುತ್ತೆ. 21 ವ್ಯಾಟಿನ ಬಲ್ಬಿನ ಜಾಗದಲ್ಲಿ ಎರಡು-ಮೂರು ವ್ಯಾಟಿನ ಎಲ್‌ಇಡಿ ಕಂಡರೆ ಬಲ್ಬೇ ಇಲ್ಲ ಅಂದುಕೊಳ್ಳುತ್ತೆ. ಗಮನಿಸಿದಿರಾ? ಸ್ಟೇಷನ್ನಿನಲ್ಲಿ ನಿಂತು ಕೊನೆಯ ದೀಪ ನೋಡುತ್ತಿದ್ದ ಆ ನೌಕರ ನೂರೈವತ್ತು ವರ್ಷದ ನಂತರ ಕಾರಿನೊಳಗೆ ಮತ್ತೆ ಹುಟ್ಟಿ ಬಂದಿದ್ದಾನೆ!

ಅದಕ್ಕೇ ಅವನ ಬಾಯಿ ಮುಚ್ಚಿಸುವ ಉಪಾಯ ನನಗೆ ಇಷ್ಟ ಇಲ್ಲ. ಎಲ್‌ಇಡಿ ಪಕ್ಕಕ್ಕೆ 6 ಓಮಿನ ರೆಸಿಸ್ಟರ್ ಹಾಕಿದರೆ ಎಚ್ಚರಿಕೆ ನಿಲ್ಲುತ್ತೆ. ಆದರೆ ಅದು 24 ವ್ಯಾಟ್ ಶಾಖ ಕಾರುತ್ತೆ, ನಾಳೆ ಎಲ್‌ಇಡಿ ಸತ್ತರೂ 'ದೀಪ ಇದೆ' ಅಂತ ಸುಳ್ಳು ಹೇಳುತ್ತಲೇ ಇರುತ್ತೆ. ಸರಿಯಾದ ದಾರಿ ಅಂದರೆ ಆ ಕಾರಿಗೆಂದೇ ಮಾಡಿದ ಟ್ರೇಲರ್ ಮಾಡ್ಯೂಲ್. ಅದು ಕಾರಿನ ದೀಪದಿಂದ ಸಂಕೇತ ಮಾತ್ರ ಓದಿಕೊಂಡು, ಕರೆಂಟನ್ನು ಫ್ಯೂಸ್ ಮೂಲಕ 12 ವೋಲ್ಟ್ ಬ್ಯಾಟರಿಯಿಂದ ತಾನೇ ತೆಗೆದುಕೊಳ್ಳುತ್ತೆ.

ಇನ್ನೊಂದು ಮಾತು. ಹಳೇ ಮೇಸ್ತ್ರಿಗಳು ಬ್ರೇಕ್ ಪೆಡಲಿನ ಸ್ವಿಚ್ಚಿನಿಂದಲೇ ತಂತಿ ಎಳೆಯುತ್ತಾರೆ. ಎಲೆಕ್ಟ್ರಿಕ್ ಕಾರಿನಲ್ಲಿ ಅದು ಸಾಲದು. ಆಕ್ಸಿಲರೇಟರಿನಿಂದ ಕಾಲೆತ್ತಿದರೆ ಮೋಟಾರೇ ಡೈನಮೋ ಆಗಿ ಕಾರನ್ನು ನಿಧಾನ ಮಾಡುತ್ತೆ, ಪೆಡಲ್ ಒತ್ತೋದೇ ಇಲ್ಲ. ವಿಶ್ವಸಂಸ್ಥೆಯ ವಾಹನ ನಿಯಮ 13-ಎಚ್ ಪ್ರಕಾರ ಹೀಗೆ ಸೆಕೆಂಡಿಗೆ ಸೆಕೆಂಡಿಗೆ 1.3 ಮೀಟರಿಗಿಂತ ಹೆಚ್ಚು ವೇಗ ಇಳಿದರೆ ಬ್ರೇಕ್ ದೀಪ ಹತ್ತಲೇಬೇಕು. ಪೆಡಲಿನಿಂದ ಎಳೆದ ತಂತಿಗೆ ಆ ಸುದ್ದಿ ಮುಟ್ಟುವುದಿಲ್ಲ. ಹಿಂದಿನ ಹಲಗೆ ಕಪ್ಪಾಗಿಯೇ ಇರುತ್ತೆ.

ಕೊನೆಗೆ ನನಗೆ ಅನ್ನಿಸೋದು ಇಷ್ಟು. ಕಡೇಚೂರಿನಲ್ಲಿ ರೈಲಿನ ಚಕ್ರದ ಚೌಕಟ್ಟನ್ನು ಮಿಲಿಮೀಟರಿನ ಲೆಕ್ಕದಲ್ಲಿ ಅಳೆದು ಹೊರಗೆ ಕಳಿಸುತ್ತಾರೆ. ಅದೇ ಗೇಟಿನ ಹೊರಗಿನ ರಸ್ತೆಯಲ್ಲಿ ಟ್ರಾಲಿಗಳು ಕತ್ತಲಲ್ಲಿ ಹೋಗುತ್ತವೆ. ನಡುವೆ ಇರುವ ಅಂತರ ದುಡ್ಡಿನದಲ್ಲ. ಒಂದು ಬಿಳಿ ತಂತಿ, ಸ್ವಲ್ಪ ದಪ್ಪ ಕೇಬಲ್, ಎರಡು ಎಲ್‌ಇಡಿ, ಅವೂ ಆರಿದರೆ ಇರಲಿ ಅಂತ ಒಂದು ಮೊಳ ಕೆಂಪು ರಿಫ್ಲೆಕ್ಟರ್ ಪಟ್ಟಿ. ಜೊತೆಗೆ ಹೊರಡುವ ಮುಂಚೆ ಹಿಂದೆ ನಡೆದು ಹೋಗಿ ಒಮ್ಮೆ ನೋಡುವ ಒಬ್ಬ ಮನುಷ್ಯ.

ನಿಮ್ಮ ಊರ ಕಡೆ ಬಂಡಿಯ ಕೆಳಗಿನ ದೀಪಕ್ಕೆ ಬೇರೆ ಹೆಸರೇನಾದರೂ ಇತ್ತಾ? ಮನೆಯ ಹಿರಿಯರನ್ನು ಕೇಳಿ ಬರೆದು ತಿಳಿಸಿ, ಸೇರಿಸಿಕೊಳ್ಳುತ್ತೇನೆ.