ಹಣೆಗೆ ಬಡಿಯುವ ಗಾಳಿ: ಕ್ಯಾಂಪರ್ ಎಳೆಯುವ ಡೀಸೆಲ್ ಪಿಕಪ್‌ಗಳ ಇಂಧನ ಬಳಕೆ

ಅಮೆರಿಕದ ಷೋರೂಮಿನಲ್ಲಿ ಹೊಸ ಕಾರಿನ ಗಾಜಿಗೆ ಒಂದು ಚೀಟಿ ಅಂಟಿಸಿರುತ್ತಾರೆ. ಗ್ಯಾಲನ್ನಿಗೆ ಎಷ್ಟು ಮೈಲಿ ಓಡುತ್ತದೆ ಎಂಬುದು ಅದರಲ್ಲಿರುತ್ತದೆ. ಪಕ್ಕದಲ್ಲೇ ನಿಂತ ಫೋರ್ಡ್ ಎಫ್-250 ಅಥವಾ ರ‍್ಯಾಮ್ 2500 ಪಿಕಪ್ಪಿನ ಚೀಟಿಯಲ್ಲಿ ಆ ಅಂಕಿ ಕಾಣುವುದಿಲ್ಲ. ಹೊರೆಯೂ ಸೇರಿದ ಒಟ್ಟು ತೂಕದ ಮಿತಿ 8,500 ಪೌಂಡ್ (ಸುಮಾರು 3,856 ಕೆ.ಜಿ.) ದಾಟಿದ ಪಿಕಪ್‌ಗಳಿಗೆ ಈ ಅಂಕಿ ತೋರಿಸಬೇಕೆಂಬ ನಿಯಮದಿಂದ ವಿನಾಯಿತಿ ಇದೆ. ದೊಡ್ಡ ಕ್ಯಾಂಪರ್ (ಒಳಗೆ ತಂಗಬಹುದಾದ ಟ್ರೈಲರ್) ಎಳೆಯುವ ಡೀಸೆಲ್ ಗಾಡಿಗಳು ಹೆಚ್ಚಾಗಿ ಈ ಗುಂಪಿನವೇ. ಹಾಗಾಗಿ ಮಾಲೀಕರು ಟ್ಯಾಂಕ್ ಫುಲ್ ಮಾಡಿಸಿ ತಾವೇ ಹಾಕಿಕೊಂಡ ಲೆಕ್ಕವೇ ಮುಖ್ಯ ಆಧಾರ.

ಆ ಲೆಕ್ಕದಲ್ಲೂ ಒಂದು ತೊಡಕಿದೆ. ಡೀಸೆಲ್ ನೊರೆಯೇಳುತ್ತದೆ. ನೊರೆ ಟ್ಯಾಂಕಿನ ಬಾಯಿಗೆ ಬಂದೊಡನೆ ಬಂಕಿನ ನಳಿಕೆ ಟಕ್ಕೆಂದು ನಿಲ್ಲುತ್ತದೆ. ನೊರೆ ಇಳಿದ ಮೇಲೆ ನೋಡಿದರೆ ಇನ್ನೂ ಜಾಗವಿರುತ್ತದೆ. 65 ಲೀಟರ್ ಹಿಡಿಯಬೇಕಾದಲ್ಲಿ 4 ಲೀಟರ್ ಕಡಿಮೆ ಬಿದ್ದರೆ ಸುಮಾರು ಶೇ. 6ರಷ್ಟು ತಪ್ಪು. ಗಂಟೆಗೆ 3 ಮೈಲಿ ವೇಗ ತಗ್ಗಿಸಿದರೆ ಸಿಗುವ ಉಳಿತಾಯವೂ ಹೆಚ್ಚುಕಡಿಮೆ ಅಷ್ಟೇ. ಆದ್ದರಿಂದ ಒಂದೇ ಟ್ಯಾಂಕಿನ ಲೆಕ್ಕ ನಂಬಿ ಎರಡು ಗಾಡಿಗಳನ್ನು ಹೋಲಿಸುವುದು ವ್ಯರ್ಥ.

ಡೀಸೆಲ್ ಕುಡಿಯುವುದು ತೂಕ ಎಂಬ ನಂಬಿಕೆ ಬಲವಾಗಿದೆ. ಸಮತಟ್ಟಾದ ಹೆದ್ದಾರಿಯ ಮಟ್ಟಿಗೆ ಇದನ್ನು ಒಪ್ಪಲಾಗದು. ಪಿಕಪ್ಪು, ಟ್ರೈಲರ್ ಸೇರಿ 8 ಟನ್ ಎಂದುಕೊಳ್ಳೋಣ. ಟೈರಿನ ಉರುಳು ಘರ್ಷಣೆಯ ಗುಣಾಂಕ 0.01 ಎಂದು ಹಿಡಿದರೆ ಅದಕ್ಕೆ 784 ನ್ಯೂಟನ್ ಬಲ ಸಾಕು. ಟ್ರೈಲರಿನ ಎತ್ತರದ ಚಪ್ಪಟೆ ಹಣೆಗೆ ಬಡಿಯುವ ಗಾಳಿಯ ಕಥೆ ಬೇರೆ. ಎದುರು ವಿಸ್ತೀರ್ಣ ಮತ್ತು ಗಾಳಿತಡೆ ಗುಣಾಂಕದ ಗುಣಲಬ್ಧವನ್ನು 4 ಚದರ ಮೀಟರ್ ಎಂದಿಟ್ಟುಕೊಂಡರೆ, ಗಂಟೆಗೆ 65 ಮೈಲಿ ವೇಗದಲ್ಲಿ ಗಾಳಿಯೊಂದೇ ಸುಮಾರು 2,027 ನ್ಯೂಟನ್ ಬೇಡುತ್ತದೆ, ಅಂದರೆ ಒಟ್ಟಿನ ಶೇ. 72. ಟ್ಯಾಂಕಿನಿಂದ ಚಕ್ರದವರೆಗಿನ ದಕ್ಷತೆ ಶೇ. 35 ಇದ್ದಲ್ಲಿ 100 ಕಿ.ಮೀ.ಗೆ 22.4 ಲೀಟರ್ ಆಯಿತು. ಒಂದು ಟನ್ ಸಾಮಾನು ಇಳಿಸಿದರೆ ಉಳಿಯುವುದು ಶೇ. 3.5. ವೇಗವನ್ನು 55 ಮೈಲಿಗೆ ಇಳಿಸಿದರೆ ಶೇ. 20. ಗಾಳಿತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುವುದೇ ಇದರ ಗುಟ್ಟು. ಹೋಗುವಾಗ ಎದುರಾದ ಗಾಳಿ ಬರುವಾಗ ಬೆನ್ನಿಗಿದ್ದರೂ ನಷ್ಟ ಪೂರ್ತಿ ತುಂಬಿಬರದಿರುವುದಕ್ಕೂ ಅದೇ ಕಾರಣ.

ತೂಕ ತನ್ನ ಬಾಕಿ ವಸೂಲಿ ಮಾಡುವುದು ಘಟ್ಟದಲ್ಲಿ. ಡೆನ್ವರ್ ನಗರ ಸುಮಾರು 1,609 ಮೀಟರ್ ಎತ್ತರದಲ್ಲಿದೆ. ಪಶ್ಚಿಮಕ್ಕೆ ಐ-70 ಹೆದ್ದಾರಿ ಹಿಡಿದರೆ ಐಸೆನ್‌ಹೋವರ್ ಸುರಂಗ ಸುಮಾರು 3,400 ಮೀಟರಿನಲ್ಲಿ. ಇದೇ 8 ಟನ್ನನ್ನು ಅಷ್ಟು ಮೇಲೆತ್ತಲು ಹೆಚ್ಚುವರಿಯಾಗಿ 11 ಲೀಟರಿನಷ್ಟು ಡೀಸೆಲ್ ಬೇಕು. ಎತ್ತರಕ್ಕೆ ಏರಿದಂತೆ ಗಾಳಿ ತೆಳುವಾಗಿ ತಡೆ ಒಂದಿಷ್ಟು ತಗ್ಗುತ್ತದೆ, ನಿಜ. ಆದರೆ ಇಳಿಜಾರಿನಲ್ಲಿ ಎಕ್ಸಾಸ್ಟ್ ಬ್ರೇಕ್ ಹಾಕಿದಾಗ, ಮೇಲೆತ್ತಿದ ಶಕ್ತಿಯ ಬಹುಪಾಲು ಬಿಸಿಯಾಗಿ ಹೊರಗೆ ಹೋಗುತ್ತದೆ.

ಇನ್ನು ಅಳತೆಗೋಲಿನ ಮಾತು. (ಕಿಲೋಮೀಟರ್ ಎಣಿಸುವ ನಾವೂ ಕೇಳುವುದು 'ಮೈಲೇಜ್ ಎಷ್ಟು?' ಎಂದೇ.) ಡ್ಯೂಕ್ ವಿಶ್ವವಿದ್ಯಾಲಯದ ರಿಚರ್ಡ್ ಲಾರಿಕ್ ಮತ್ತು ಜ್ಯಾಕ್ ಸೋಲ್ 2008ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ತೋರಿಸಿದ ಭ್ರಮೆ ಇಲ್ಲಿ ಎದ್ದು ಕಾಣುತ್ತದೆ. ಗ್ಯಾಲನ್ನಿಗೆ 20 ಮೈಲಿ ಇದ್ದದ್ದು 15 ಆದರೆ ಜನ ಗಾಬರಿಯಾಗುತ್ತಾರೆ. 10 ಇದ್ದದ್ದು 8 ಆದರೆ ಸುಮ್ಮನಿರುತ್ತಾರೆ. 100 ಮೈಲಿಗೆ ಲೆಕ್ಕ ಹಾಕಿದರೆ ಮೊದಲನೆಯದರ ನಷ್ಟ 1.67 ಗ್ಯಾಲನ್, ಎರಡನೆಯದರದು 2.5. ಟ್ರೈಲರ್ ಎಳೆಯುವವರು ಬದುಕುವುದೇ ಇಂಥ ಕಡಿಮೆ ಅಂಕಿಗಳಲ್ಲಿ. 65ರಿಂದ 55 ಮೈಲಿಗೆ ಇಳಿದವನ ಮೈಲೇಜ್ ನಮ್ಮ ಲೆಕ್ಕದಲ್ಲಿ ಲೀಟರಿಗೆ 4.5 ಕಿ.ಮೀ. ಇದ್ದದ್ದು 5.6 ಆಗುತ್ತದೆ, ನೋಡಲು ಏನೂ ಅಲ್ಲ. ಸಾವಿರ ಕಿ.ಮೀ. ಪ್ರವಾಸದಲ್ಲಿ ಅದು 46 ಲೀಟರ್ ಉಳಿತಾಯ. ಪ್ರತಿಯಾಗಿ ದಾರಿಯಲ್ಲಿ ಕಳೆಯಬೇಕಾದದ್ದು ಒಂದೂಮುಕ್ಕಾಲು ಗಂಟೆ ಹೆಚ್ಚು.